ಇಪ್ಪತ್ತಾರು ಪಂದ್ಯಗಳ ರಾಜ್ಯಭಾರ

ನ್ಯೂಯಾರ್ಕ್ ನಗರದ ಪೂರ್ವಕ್ಕೆ ಸಮುದ್ರದೊಳಗೆ ಚಾಚಿಕೊಂಡಿರುವ ಲಾಂಗ್ ಐಲೆಂಡ್‌ನಲ್ಲಿ ಯೂನಿಯನ್‌ಡೇಲ್ ಎಂಬ ಊರಿದೆ. 1972ರಲ್ಲಿ ಅಲ್ಲಿ ಬಾಗಿಲು ತೆರೆದ ನಸಾವ್ ಕೊಲಿಸಿಯಂ ಎಂಬ ಕ್ರೀಡಾಮಂದಿರ ಒಂದು ಕಾಲಕ್ಕೆ ಎರಡು ರಾಜವಂಶಗಳಿಗೆ ರಾಜಧಾನಿಯಾಗಿತ್ತು. ಒಂದು ವಂಶ ಐಸ್ ಹಾಕಿಯದು. ಐಲೆಂಡರ್ಸ್ ತಂಡ 1980ರಿಂದ 1983ರವರೆಗೆ ಸತತವಾಗಿ ನಾಲ್ಕು ಬಾರಿ ಸ್ಟಾನ್ಲಿ ಕಪ್ ಗೆದ್ದು ಅಮೆರಿಕದ ಕ್ರೀಡಾ ಇತಿಹಾಸದಲ್ಲಿ ಅಚ್ಚಳಿಯದ ಹೆಸರಾಯಿತು. ಇನ್ನೊಂದು ವಂಶವೂ ಅದೇ ಸೂರಿನಡಿ, ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ, ಅಷ್ಟೇ ಪಟ್ಟಗಳನ್ನು ಗೆದ್ದಿತು. ಅದು ಒಳಾಂಗಣ ಫುಟ್‌ಬಾಲಿನ ನ್ಯೂಯಾರ್ಕ್ ಆರೋಸ್. ಇದರ ಹೆಸರು ಮಾತ್ರ ಅಲ್ಲಿನವರ ನಾಲಗೆಯ ಮೇಲೂ ಹೆಚ್ಚು ಕಾಲ ನಿಲ್ಲಲಿಲ್ಲ. ಆ ವಂಶ ಅಳಿದ ಮೇಲೆ ಅದೇ ಮಂದಿರದಲ್ಲಿ ಅದನ್ನು ಮತ್ತೆ ಪ್ರತಿಷ್ಠಾಪಿಸಲು 1986ರಲ್ಲಿ ಒಂದು ಪ್ರಯತ್ನ ನಡೆಯಿತು. ಆ ಚಳಿಗಾಲದ ಕಥೆಯನ್ನು ಹೇಳಬೇಕಾದರೆ ಮೊದಲು ಆರೋಸ್ ತಂಡದ ವೈಭವವನ್ನೇ ಹೇಳಬೇಕು.

ಆಟದ ಸ್ವರೂಪವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಹಾಕಿಯ ಹಿಮದಂಗಳದ ಮೇಲೆ ಕೃತಕ ಹುಲ್ಲು ಹಾಸುತ್ತಾರೆ. ಅದರ ಸುತ್ತಲಿನ ಗೋಡೆಗಳು ಹಾಗೆಯೇ ಇರುತ್ತವೆ. ಗೋಲ್‌ಕೀಪರ್ ಸೇರಿ ಒಂದೊಂದು ಕಡೆ ಆರು ಮಂದಿ, ತಲಾ ಹದಿನೈದು ನಿಮಿಷಗಳ ನಾಲ್ಕು ಪಾದಗಳು. ಚೆಂಡು ಅಂಕಣದಾಚೆ ಹೋಗುವ ಪ್ರಸಂಗ ಅಪರೂಪ, ಏಕೆಂದರೆ ಅದು ಗೋಡೆಗೆ ಬಡಿದು ಮರಳಿ ಆಟಕ್ಕೇ ಬರುತ್ತದೆ. ಒರಟಾಟ ಆಡಿದವನು ಹಾಕಿಯಲ್ಲಿನಂತೆಯೇ ಎರಡು ನಿಮಿಷ ಹೊರಗೆ ಕೂರಬೇಕು. ಮೈದಾನದ ಫುಟ್‌ಬಾಲಿನಲ್ಲಿ ತೊಂಬತ್ತು ನಿಮಿಷ ಕಾದರೂ ಒಂದು ಗೋಲು ಕಾಣದೆ ಬೇಸತ್ತಿದ್ದ ಅಮೆರಿಕದ ಪ್ರೇಕ್ಷಕನಿಗೆ ಇಲ್ಲಿ ಒಂದೇ ರಾತ್ರಿ ಹತ್ತು ಹನ್ನೆರಡು ಗೋಲುಗಳು ಸಿಗುತ್ತಿದ್ದವು. ಎರ್ಲ್ ಫೋರ್‌ಮನ್ ಮತ್ತು ಎಡ್ ಟೆಪ್ಪರ್ ಸೇರಿ ಕಟ್ಟಿದ ಮೇಜರ್ ಇಂಡೋರ್ ಸಾಕರ್ ಲೀಗ್ ಈ ಆಟವನ್ನು ವೃತ್ತಿಯಾಗಿಸಿತು. 1978ರ ಡಿಸೆಂಬರ್ 22ರಂದು ಲೀಗಿನ ಮೊದಲ ಪಂದ್ಯ ನಡೆದದ್ದು ಇದೇ ನಸಾವ್ ಕೊಲಿಸಿಯಂನಲ್ಲಿ. ಎದುರಾಳಿ ಸಿನ್ಸಿನಾಟಿ ಕಿಡ್ಸ್ ತಂಡದ ಪಾಲುದಾರನಾಗಿದ್ದ ಬೇಸ್‌ಬಾಲ್ ತಾರೆ ಪೀಟ್ ರೋಸ್ ಮೊದಲ ಚೆಂಡನ್ನು ಒದ್ದ. ಆರೋಸ್ 7–2ರಿಂದ ಗೆದ್ದಿತು.

ಅಂದು ಆರು ತಂಡಗಳಿದ್ದವು. ಆರೋಸ್ ತಂಡದ ಬೆನ್ನೆಲುಬು ರೋಚೆಸ್ಟರ್ ಲ್ಯಾನ್ಸರ್ಸ್ ಎಂಬ ಮೈದಾನದ ತಂಡದಿಂದ ಬಂದದ್ದು. ಕೋಚ್ ಡಾನ್ ಪಾಪೊವಿಚ್ ಕೂಡ ಅಲ್ಲಿಂದಲೇ ಬಂದ. ಗೋಲಿನ ಬಾಯಲ್ಲಿ ನಿಂತವನು ಶೆಪ್ ಮೆಸಿಂಗ್. ಲಾಂಗ್ ಐಲೆಂಡ್‌ನಲ್ಲೇ ಬೆಳೆದ ಹುಡುಗ, ಹಾರ್ವರ್ಡ್ ಪದವೀಧರ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಗೋಲ್‌ಕೀಪರ್ ಆಗಿದ್ದ. 1977ರಲ್ಲಿ ಪೆಲೆಯ ಜೊತೆ ಕಾಸ್ಮೋಸ್ ತಂಡದಲ್ಲಿ ಆಡಿ ರಾಷ್ಟ್ರೀಯ ಪಟ್ಟ ಗೆದ್ದಿದ್ದ. ಹದಿಹರೆಯ ಇನ್ನೂ ಕಳೆಯದ ಬ್ರಾಂಕೊ ಸೆಗೋಟನಂಥ ಪ್ರತಿಭೆಗಳೂ ಬಂದು ಸೇರಿದವು. ಇವರೆಲ್ಲರ ನಡುವೆ ಬಂದು ನಿಂತವನು ಸ್ಲಾವಿಷಾ ಜುಂಗುಲ್. ಅಮೆರಿಕ ಅವನನ್ನು ಸ್ಟೀವ್ ಎಂದು ಕರೆಯಿತು.

ಜುಂಗುಲ್‌ನ ಕಥೆ ಸಾಮಾನ್ಯ ಆಟಗಾರನ ಕಥೆಯಲ್ಲ. ಯುಗೊಸ್ಲಾವಿಯಾದ ಸ್ಪ್ಲಿಟ್ ನಗರದ ಹಾಯ್ದುಕ್ ತಂಡದಲ್ಲಿ ಆತ ಹೆಸರಾಂತ ಫಾರ್ವರ್ಡ್. ಯುರೋಪಿನ ದೊಡ್ಡ ದೊಡ್ಡ ಕ್ಲಬ್‌ಗಳು ಕಣ್ಣಿಡುವಂಥ ವಯಸ್ಸು. ಆದರೆ ದೇಶದಲ್ಲಿ ಕಡ್ಡಾಯ ಸೇನಾಸೇವೆ ಕಾದಿತ್ತು. 1978ರ ಕೊನೆಯಲ್ಲಿ ಅಮೆರಿಕಕ್ಕೆ ಬಂದವನು ತಿರುಗಿ ಹೋಗಲಿಲ್ಲ. ಹಾಯ್ದುಕ್ ಕ್ಲಬ್ ಬಿಟ್ಟುಕೊಡಲೊಪ್ಪದೆ ಫಿಫಾಕ್ಕೆ ದೂರು ಕೊಟ್ಟಿತು. ಫಿಫಾದ ನೆರಳಿರುವ ಯಾವ ಮೈದಾನದಲ್ಲೂ ಆತ ಕಾಲಿಡುವಂತಿರಲಿಲ್ಲ. ಒಳಾಂಗಣ ಲೀಗ್ ಮಾತ್ರ ಫಿಫಾದ ಹಿಡಿತಕ್ಕೆ ಹೊರಗಿತ್ತು. ಹೀಗಾಗಿ ಜಗತ್ತಿನ ಬೇರೆಲ್ಲ ಬಾಗಿಲುಗಳೂ ಮುಚ್ಚಿದ್ದ ಒಬ್ಬ ಅಪ್ರತಿಮ ಆಟಗಾರ ತನ್ನ ಅತ್ಯುತ್ತಮ ವರ್ಷಗಳನ್ನು ಲಾಂಗ್ ಐಲೆಂಡ್‌ನ ನಾಲ್ಕು ಗೋಡೆಗಳ ನಡುವೆ ಸುರಿದುಬಿಟ್ಟ. 1980–81ರ ಒಂದೇ ಹಂಗಾಮಿನಲ್ಲಿ 108 ಗೋಲು, ಮರುವರ್ಷ 103. ಮೊದಲ ನಾಲ್ಕು ವರ್ಷವೂ ಲೀಗಿನ ಅತ್ಯುತ್ತಮ ಆಟಗಾರನ ಪ್ರಶಸ್ತಿ ಅವನದೇ. ಪತ್ರಿಕೆಗಳು ಅವನನ್ನು ಒಳಾಂಗಣದ ಒಡೆಯ ಎಂದು ಕೊಂಡಾಡಿದವು. 1979ರಲ್ಲಿ ಫಿಲಡೆಲ್ಫಿಯಾ, 1980ರಲ್ಲಿ ಹ್ಯೂಸ್ಟನ್, 1981 ಮತ್ತು 1982ರಲ್ಲಿ ಸೇಂಟ್ ಲೂಯಿಸ್ ಆರೋಸ್ ಎದುರು ಶರಣಾದವು. 1981ರ ಫೈನಲ್‌ನಲ್ಲಂತೂ ಸೇಂಟ್ ಲೂಯಿಸ್ ಸ್ಟೀಮರ್ಸ್ ತಂಡವನ್ನು ಅದರ ತವರಿನಲ್ಲೇ 6–5ರಿಂದ ಮಣಿಸಿತು.

ನಾಲ್ಕು ಪಟ್ಟ ಗೆದ್ದರೂ ಆರೋಸ್ ತನ್ನ ನಾಡಿನ ಜನರನ್ನು ಗೆಲ್ಲಲಿಲ್ಲ. ಈ ವಂಶದ ದೊಡ್ಡ ದುರಂತ ಇದೇ ಎಂದು ನಾನು ನಂಬುತ್ತೇನೆ. ಸೋತ ಸೇಂಟ್ ಲೂಯಿಸ್‌ನಲ್ಲಿ ಒಳಾಂಗಣ ಫುಟ್‌ಬಾಲಿಗೆ ಊರಿನ ಹಾಕಿ ತಂಡವನ್ನೂ ಮೀರಿಸಿ ಜನ ಸೇರುತ್ತಿದ್ದರು. ಗೆದ್ದ ನ್ಯೂಯಾರ್ಕ್‌ನಲ್ಲಿ ಆಸನಗಳು ಖಾಲಿ ಉಳಿಯುತ್ತಿದ್ದವು. ಖಾಲಿ ಆಸನಗಳ ಲೆಕ್ಕ ಕೊನೆಗೆ ಖಜಾನೆಗೆ ತಟ್ಟಿತು. ನಾಲ್ಕನೆಯ ಪಟ್ಟದ ನಂತರ ಪಾಪೊವಿಚ್ ಕ್ಯಾಲಿಫೋರ್ನಿಯಾದ ಗೋಲ್ಡನ್ ಬೇ ತಂಡಕ್ಕೆ ಹೊರಟ. 1983ರ ಆರಂಭದಲ್ಲಿ, ಹಂಗಾಮು ಇನ್ನೂ ನಡೆಯುತ್ತಿರುವಾಗಲೇ, ಜುಂಗುಲ್‌ನನ್ನೂ ಅಲ್ಲಿಗೇ ಕೊಟ್ಟುಬಿಟ್ಟರು. ಫಿಫಾದ ತಂಟೆ ಬಗೆಹರಿದು ಆತ ಬಯಲಿಗೂ ಇಳಿದ. 1984ರಲ್ಲಿ ಮೈದಾನದ ಲೀಗಿನಲ್ಲೂ ಅತ್ಯುತ್ತಮ ಆಟಗಾರನಾಗಿ, ತನ್ನ ಒಡೆತನ ನಾಲ್ಕು ಗೋಡೆಗಳಿಗೆ ಸೀಮಿತವಲ್ಲ ಎಂದು ತೋರಿಸಿದ. ಅದೇ ವರ್ಷ ಆರೋಸ್ ಮುಚ್ಚಿತು. ಆ ಸ್ಥಾನ ತುಂಬಲು ಒಳಾಂಗಣಕ್ಕೆ ಬಂದ ಕಾಸ್ಮೋಸ್ ಒಂದು ಹಂಗಾಮನ್ನೂ ಪೂರೈಸದೆ 1985ರ ಫೆಬ್ರುವರಿಯಲ್ಲಿ ಕೈಬಿಟ್ಟಿತು.

ಸಿಂಹಾಸನ ಬರಿದಾಗಿತ್ತು. 1986ರಲ್ಲಿ ಶೆಪ್ ಮೆಸಿಂಗ್ ಪಾಲುದಾರರ ಜೊತೆ ಸೇರಿ ನ್ಯೂಯಾರ್ಕ್ ಎಕ್ಸ್‌ಪ್ರೆಸ್ ಎಂಬ ಹೊಸ ತಂಡ ಕಟ್ಟಿದ. ಬಂಡವಾಳಕ್ಕೆ ಒಬ್ಬ ಸಾಹುಕಾರನನ್ನು ಹುಡುಕಲಿಲ್ಲ, ಷೇರುಗಳನ್ನು ಸಾರ್ವಜನಿಕರಿಗೇ ಮಾರಿದರು. ತಂಡ ತವರಾಗಿ ಆರಿಸಿಕೊಂಡದ್ದು ನಸಾವ್ ಕೊಲಿಸಿಯಂ. ಕೋಚ್ ಆಗಿ ಕರೆಸಿಕೊಂಡದ್ದು ಡಾನ್ ಪಾಪೊವಿಚ್‌ನನ್ನು. ಮೂವತ್ತೇಳು ತುಂಬುತ್ತಿದ್ದ ಮೆಸಿಂಗ್ ಆಡಳಿತದ ಕುರ್ಚಿಯ ಜೊತೆಗೆ ಗೋಲ್‌ಕೀಪರನ ಕೈಗವಸನ್ನೂ ತೊಟ್ಟ. ಕಾಸ್ಮೋಸ್‌ನಲ್ಲಿ ಬೆಳೆದು ಅಮೆರಿಕದ ರಾಷ್ಟ್ರೀಯ ತಂಡವನ್ನು ಮುನ್ನಡೆಸಿದ್ದ ರಿಕ್ ಡೇವಿಸ್‌ನನ್ನು ಸೇಂಟ್ ಲೂಯಿಸ್‌ನಿಂದ ಕರೆತಂದರು. ಅದೇ ಮಂದಿರ, ಅದೇ ಗುರು, ಅದೇ ಗೋಲಿನ ಕಾವಲುಗಾರ. ಹಳೆಯ ನಿಷ್ಠೆಯಿಂದ ಹುಟ್ಟಿದ ಈ ಸಾಹಸವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಾಗುವುದಿಲ್ಲ. ತನ್ನೂರಿನಲ್ಲಿ ತಾನು ಕಂಡ ವೈಭವ ಮತ್ತೆ ಕಾಣಲಿ ಎಂದು ತನ್ನ ಹೆಸರನ್ನೂ ಮುಪ್ಪಿನಂಚಿನ ಮೈಯನ್ನೂ ಪಣಕ್ಕಿಟ್ಟ ಮನುಷ್ಯ ಆತ.

ಆದರೆ ಆರೋಸ್‌ನ ಗೆಲುವಿಗೆ ಕಾರಣವಾದದ್ದು ಮಂದಿರವಲ್ಲ, ಗುರುವೊಬ್ಬನೇ ಅಲ್ಲ. ಫಿಫಾದ ಒಂದು ನಿಷೇಧ, ಒಬ್ಬ ದೇಶಬಿಟ್ಟ ಯುವಕ, ಇನ್ನೂ ಕಣ್ಣು ಬಿಡುತ್ತಿದ್ದ ಆರು ತಂಡಗಳ ಲೀಗ್, ಇವು ಒಂದೇ ಗಳಿಗೆಯಲ್ಲಿ ಕೂಡಿಬಂದಿದ್ದವು. ಎಂಟು ವರ್ಷಗಳಲ್ಲಿ ಎಲ್ಲವೂ ಬದಲಾಗಿತ್ತು. ಈಗ ಹನ್ನೆರಡು ತಂಡಗಳು, ಒಂದೊಂದಕ್ಕೂ 52 ಪಂದ್ಯಗಳು. ಒಳಾಂಗಣದ ವಿದ್ಯೆ ಎಲ್ಲರಿಗೂ ಕರಗತವಾಗಿತ್ತು. ಗೋಡೆಯ ಕೋನ ಲೆಕ್ಕ ಹಾಕುವುದು, ಎರಡು ನಿಮಿಷಕ್ಕೊಮ್ಮೆ ದಣಿದವರನ್ನು ಕೂರಿಸಿ ಹೊಸಬರನ್ನು ಇಳಿಸುವುದು, ಎದುರಾಳಿ ಶಿಕ್ಷೆಗೆ ಹೊರಗೆ ಕೂತ ಹೊತ್ತಿನಲ್ಲಿ ಗೋಲು ಕಸಿಯುವುದು, ಇವೆಲ್ಲ ಒಟ್ಟಿಗೆ ಆಡಿ ಆಡಿ ಮೈಗೂಡಬೇಕಾದ ಸಂಗತಿಗಳು. ಸ್ಯಾನ್ ಡಿಯಾಗೊ, ಬಾಲ್ಟಿಮೋರ್, ಕ್ಲೀವ್‌ಲ್ಯಾಂಡ್‌ನಂಥ ತಂಡಗಳು ಅದರಲ್ಲಿ ವರ್ಷಗಟ್ಟಲೆ ಪಳಗಿದ್ದವು. ಜುಂಗುಲ್ ಕೂಡ ಸ್ಯಾನ್ ಡಿಯಾಗೊ ಸೇರಿ 1985 ಮತ್ತು 1986ರಲ್ಲಿ ಮತ್ತೆ ಲೀಗಿನ ಶ್ರೇಷ್ಠನೆನಿಸಿದ್ದ. ಬೇಸಿಗೆಯಲ್ಲಿ ಒಟ್ಟುಗೂಡಿಸಿದ ಎಕ್ಸ್‌ಪ್ರೆಸ್‌ನಲ್ಲಿ ಹೆಸರುಗಳಿದ್ದವು, ತಂಡ ಇನ್ನೂ ಆಗಿರಲಿಲ್ಲ.

ಹಂಗಾಮು ಶುರುವಾದಂದಿನಿಂದ ಸೋಲಿನ ಮೇಲೆ ಸೋಲು. ಮೊದಲ ಗೆಲುವಿಗೆ ವಾರಗಟ್ಟಲೆ ಕಾಯಬೇಕಾಯಿತು. ನಾಲ್ಕು ಪಟ್ಟ ಗೆಲ್ಲಿಸಿಕೊಟ್ಟಿದ್ದ ಪಾಪೊವಿಚ್‌ನನ್ನು ನಡುವೆಯೇ ಕೆಳಗಿಳಿಸಿ, ಹಿಂದೆ ಕಾಸ್ಮೋಸ್‌ಗೆ ಕೋಚ್ ಆಗಿದ್ದ ರೇ ಕ್ಲಿವೆಕನನ್ನು ತಂದರು. ಗುರು ಬದಲಾದ, ಫಲಿತಾಂಶ ಬದಲಾಗಲಿಲ್ಲ. ತನ್ನ ಹಳೆಯ ಗುರುವಿನ ಕುರ್ಚಿ ತಾನು ಕಟ್ಟಿದ ಮನೆಯಲ್ಲೇ ಹೋದದ್ದನ್ನು ನೋಡಬೇಕಾದ ಗಳಿಗೆ ಮೆಸಿಂಗ್‌ಗೆ ಎದುರಿಸಿದ ಯಾವ ಗೋಲಿಗಿಂತಲೂ ಕಠಿಣವಾಗಿದ್ದಿರಬೇಕು.

ಹೊರಗೆ ನ್ಯೂಯಾರ್ಕ್ ಬೇರೊಂದೇ ಹಬ್ಬದಲ್ಲಿತ್ತು. 1986ರ ಅಕ್ಟೋಬರ್ ಕೊನೆಯಲ್ಲಿ ಮೆಟ್ಸ್ ತಂಡ ಬೇಸ್‌ಬಾಲಿನ ವರ್ಲ್ಡ್ ಸೀರೀಸ್ ಗೆದ್ದಿತು. 1987ರ ಜನವರಿಯಲ್ಲಿ ಜೈಂಟ್ಸ್ ತಂಡ ಅಮೆರಿಕನ್ ಫುಟ್‌ಬಾಲಿನ ಸೂಪರ್ ಬೌಲ್ ಗೆದ್ದಿತು. ಈ ಎರಡು ವಿಜಯೋತ್ಸವಗಳ ನಡುವಣ ಮೂರು ತಿಂಗಳಲ್ಲಿ ಎಕ್ಸ್‌ಪ್ರೆಸ್ ತನ್ನ ಗುರುತು ಮೂಡಿಸಬೇಕಿತ್ತು. ನಾಲ್ಕು ಪಟ್ಟ ಗೆದ್ದ ಆರೋಸ್‌ಗೇ ತುಂಬದ ಆಸನಗಳು ಸತತವಾಗಿ ಸೋಲುವ ತಂಡಕ್ಕೆ ತುಂಬಿಯಾವೇ? ಟಿಕೆಟ್ ಹಣ ಬರಲಿಲ್ಲ. ಸಂಬಳ, ಪ್ರಯಾಣ, ಮಂದಿರದ ಬಾಡಿಗೆ ಮಾತ್ರ ನಿಲ್ಲಲಿಲ್ಲ. ಷೇರು ಮಾರಿ ತಂದ ಹಣ ಕರಗುತ್ತಾ ಹೋಯಿತು. ಫೆಬ್ರುವರಿಯ ಹೊತ್ತಿಗೆ 26 ಪಂದ್ಯಗಳಲ್ಲಿ 3 ಗೆಲುವು, 23 ಸೋಲು. ಸರಿಯಾಗಿ ಅರ್ಧ ಹಂಗಾಮು. ಅಲ್ಲಿಗೆ ತಂಡ ಕದ ಮುಚ್ಚಿತು. ಉಳಿದ 26 ಪಂದ್ಯಗಳು ನಡೆಯಲೇ ಇಲ್ಲ.

23 ಸೋಲುಗಳೇ ಈ ತಂಡವನ್ನು ಕೊಂದವು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸೋತೂ ಬದುಕಿದ ತಂಡದ ಸಾಕ್ಷಿ ಅದೇ ಲೀಗಿನಲ್ಲಿ, ಅದೇ ವರ್ಷದಲ್ಲಿ ಇದೆ. ಡಲಾಸ್ ಸೈಡ್‌ಕಿಕ್ಸ್ 1984–85ರ ತನ್ನ ಮೊದಲ ಹಂಗಾಮಿನಲ್ಲಿ 48 ಪಂದ್ಯಗಳಲ್ಲಿ 36 ಸೋತಿತ್ತು. 1986ರ ಬೇಸಿಗೆಯಲ್ಲಿ ಮುಚ್ಚುವ ಅಂಚಿಗೆ ಬಂದು ಉಳಿದುಕೊಂಡಿತ್ತು. ಟಾಟು ಎಂಬ ಬ್ರೆಜಿಲ್ ಆಟಗಾರನನ್ನು ಊರು ತನ್ನ ಮಗನಂತೆ ಎತ್ತಿ ಆಡಿಸುತ್ತಿತ್ತು. ಅಲ್ಲಿ ತಂಡಕ್ಕೆ ಕಾಲಾವಕಾಶ ಸಿಕ್ಕಿತು. ಹಳೆಯ ಪಟ್ಟಗಳ ನೆನಪಿನ ಮೇಲೆ ಟಿಕೆಟ್ ಮಾರಬೇಕಾದ ಹಂಗು ಅದಕ್ಕಿರಲಿಲ್ಲ. ಎಕ್ಸ್‌ಪ್ರೆಸ್ ಮೊದಲ ದಿನದಿಂದಲೇ ಆರೋಸ್‌ನ ವಾರಸುದಾರನಾಗಿ ನಿಂತಿತು. ಆ ಹೆಸರು ಉಳಿಸಿಕೊಳ್ಳಲು ತಕ್ಷಣ ಗೆಲ್ಲಬೇಕಿತ್ತು. ಕಲಿಯುತ್ತಾ ಸೋಲುವ ಒಂದೆರಡು ವರ್ಷಗಳಿಗೆ ಅದರ ಹತ್ತಿರ ಹಣವಿರಲಿಲ್ಲ, ಸೋಲುವಾಗಲೂ ಜೊತೆಗಿರುವ ಜನವೂ ಇರಲಿಲ್ಲ.

1987ರ ಜೂನ್ 20ರಂದು ಟಕೋಮಾ ಡೋಮ್‌ನಲ್ಲಿ ಫೈನಲ್ ಸರಣಿಯ ಏಳನೆಯ, ನಿರ್ಣಾಯಕ ಪಂದ್ಯ ನಡೆಯಿತು. ಅಂದು 21,728 ಮಂದಿ ಬಂದಿದ್ದರು. ಡಲಾಸ್ ಹೆಚ್ಚುವರಿ ಅವಧಿಯಲ್ಲಿ ಟಕೋಮಾ ಸ್ಟಾರ್ಸ್ ತಂಡವನ್ನು 4–3ರಿಂದ ಸೋಲಿಸಿ ಪಟ್ಟವೇರಿತು. ಸೋತ ಟಕೋಮಾ ಪರವಾಗಿ ಆಡಿದವರಲ್ಲಿ ಆ ಫೆಬ್ರುವರಿಯಲ್ಲಷ್ಟೇ ಸ್ಯಾನ್ ಡಿಯಾಗೊ ಬಿಟ್ಟು ಬಂದಿದ್ದ ಸ್ಟೀವ್ ಜುಂಗುಲ್ ಇದ್ದ. ರಿಕ್ ಡೇವಿಸ್ ಕೂಡ ಮುಂದೆ ಟಕೋಮಾ ತಂಡಕ್ಕೇ ಆಡಿದ. ಲೀಗ್ ಇನ್ನೈದು ವರ್ಷ ಏಗಿ 1992ರ ಜುಲೈನಲ್ಲಿ ನಿಂತುಹೋಯಿತು. ಅಷ್ಟು ಕಾಲದಲ್ಲಿ ನ್ಯೂಯಾರ್ಕ್‌ನಿಂದ ಇನ್ನೊಂದು ತಂಡ ಅದರೊಳಗೆ ಬರಲಿಲ್ಲ.