ಸೋಡಾ ಬಾಟಲಿಯಲ್ಲಿ ಸುಡಾನ್‌ನ ಅಂಟು

ಇದನ್ನ ಕೇಳ್ತಾ ಕೈಯಲ್ಲಿ ಕಿತ್ತಳೆ ಬಣ್ಣದ ಸೋಡಾ ಹಿಡ್ಕೊಂಡಿದ್ರೆ, ಬಾಟಲಿ ತಿರುಗಿಸಿ ಸಣ್ಣಕ್ಷರ ಓದಿ. ಸ್ಟೆಬಿಲೈಸರ್ ಅಂತ ಬರೆದು ಪಕ್ಕದಲ್ಲಿ 414 ಅನ್ನೋ ಸಂಖ್ಯೆ ಇರಬಹುದು. ಅದೇ ಗಮ್ ಅರೇಬಿಕ್. ಗೋಕಾಕದ ಕರದಂಟು ತಿಂದವರಿಗೆ ಅಂಟು ಅಂದ್ರೇನು ಅಂತ ಹೇಳಬೇಕಿಲ್ಲ. ಇದೂ ಮರದ ಅಂಟೇ, ನಮ್ಮ ಜಾಲಿ ಮರದ ದಾಯಾದಿಯದ್ದು. ಪಾನೀಯದಲ್ಲಿ ಪರಿಮಳದ ಎಣ್ಣೆ ನೀರಿನಿಂದ ಬೇರೆಯಾಗಿ ಮೇಲೆ ತೇಲದ ಹಾಗೆ ಹಿಡಿದಿಡೋದು ಇದರ ಕೆಲಸ.

ಜಗತ್ತಿನ ಗಮ್ ಅರೇಬಿಕ್‌ನಲ್ಲಿ ಸುಮಾರು ಶೇ 70ರಷ್ಟು ಸುಡಾನ್‌ನಿಂದ ಬರುತ್ತೆ ಅನ್ನೋದು ಸಾಮಾನ್ಯ ಅಂದಾಜು. ಆ ದೇಶ 1956ರಲ್ಲಿ ಸ್ವತಂತ್ರವಾಯಿತು. ಅಲ್ಲಿಂದಾಚೆ ಅದು ಯುದ್ಧ ಕಂಡ ವರ್ಷಗಳೇ ಹೆಚ್ಚು. ಆದರೂ ನಮ್ಮ ಅಂಗಡಿಯಲ್ಲಿ ಸೋಡಾ ಖಾಲಿಯಾಗಿದ್ದು ನನಗಂತೂ ನೆನಪಿಲ್ಲ. ಇದು ಹೇಗೆ ಸಾಧ್ಯ ಆಯ್ತು ಅನ್ನೋದೇ ಇವತ್ತಿನ ಕಥೆ.

ಮೊದಲು ಮರದ ಹತ್ತಿರ ಹೋಗೋಣ. ಕೊರ್ಡೋಫಾನ್, ಡಾರ್ಫರ್ ಸೀಮೆಯ ಒಣ ಬಯಲಲ್ಲಿ ಹಶಾಬ್ ಅನ್ನೋ ಮುಳ್ಳುಮರ ಬೆಳೆಯುತ್ತೆ. ಮಳೆಗಾಲ ಮುಗಿದ ಮೇಲೆ ರೈತರು ಕೊಂಬೆಯ ತೊಗಟೆಯನ್ನ ಸ್ವಲ್ಪ ಸೀಳಿ ಬಿಡ್ತಾರೆ. ಕೆಲವು ವಾರಗಳಲ್ಲಿ ಗಾಯದಿಂದ ಒಸರಿದ ರಸ ಗಟ್ಟಿಯಾಗಿ ಉಂಡೆ ಕಟ್ಟುತ್ತೆ. ಅದನ್ನ ಕೈಯಲ್ಲೇ ಬಿಡಿಸಬೇಕು. ಆಮೇಲೆ ಹಳ್ಳಿಯ ವ್ಯಾಪಾರಿ, ಎಲ್ ಒಬೈದ್ ಊರಿನ ಹರಾಜು ಕಟ್ಟೆ, ಅಲ್ಲಿಂದ ಲಾರಿಯಲ್ಲಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಪೋರ್ಟ್ ಸುಡಾನ್ ಬಂದರು. ಅಂಟನ್ನ ಶುದ್ಧ ಮಾಡಿ ಪುಡಿ ಮಾಡೋ ದೊಡ್ಡ ಕಾರ್ಖಾನೆಗಳು ಫ್ರಾನ್ಸ್‌ನಂಥ ದೇಶಗಳಲ್ಲಿವೆ. ಲಾಭದ ದೊಡ್ಡ ಪಾಲೂ ಅಲ್ಲೇ.

ಈಗ 1997ಕ್ಕೆ ಬನ್ನಿ. ಆ ವರ್ಷ ನವೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್, ಭಯೋತ್ಪಾದನೆಗೆ ಬೆಂಬಲ ಮತ್ತು ಮಾನವ ಹಕ್ಕು ಉಲ್ಲಂಘನೆಯ ಕಾರಣ ಕೊಟ್ಟು ಸುಡಾನ್ ಜೊತೆಗಿನ ವ್ಯಾಪಾರಕ್ಕೆ ನಿರ್ಬಂಧ ಹಾಕಿದ್ರು. ಆದರೆ ಅಂಟಿಗೆ ಮಾತ್ರ ವಿನಾಯಿತಿ ಸಿಕ್ತು! ಬೇರೆ ಕಡೆ ಅಷ್ಟೊಂದು ಅಂಟು ಸಿಗಲ್ಲ ಅಂತ ಉದ್ಯಮ ಪಟ್ಟು ಹಿಡಿದಿತ್ತು.

ಹತ್ತು ವರ್ಷ ಬಿಟ್ಟು, 2007ರಲ್ಲಿ, ಡಾರ್ಫರ್ ಹತ್ಯಾಕಾಂಡದ ಕಾರಣಕ್ಕೆ ನಿರ್ಬಂಧ ಇನ್ನೂ ಬಿಗಿಯಾಯ್ತು. ಆಗ ವಾಷಿಂಗ್ಟನ್‌ನಲ್ಲಿದ್ದ ಸುಡಾನ್ ರಾಯಭಾರಿ ಪತ್ರಿಕಾಗೋಷ್ಠಿ ಕರೆದು, ಕೋಕಾ ಕೋಲಾ ಬಾಟಲಿ ತೋರಿಸಿ, ಅಂಟು ನಿಲ್ಲಿಸಿದ್ರೆ ನಿಮಗೆ ಇದೂ ಇಲ್ಲ ಅನ್ನೋ ಧಾಟಿಯಲ್ಲಿ ಬೆದರಿಸಿದ್ರು. ಕೇಳಿ ನಕ್ಕವರೇ ಹೆಚ್ಚು. ಅಂಟು ನಿಲ್ಲಲಿಲ್ಲ. ಡಾರ್ಫರ್‌ನ ಜನ ಮಾತ್ರ ಡೇರೆಗಳಲ್ಲೇ ಉಳಿದ್ರು.

2023ರ ಏಪ್ರಿಲ್ 15ರಂದು ಸೇನೆ ಮತ್ತು ಆರ್‌ಎಸ್‌ಎಫ್ ಅನ್ನೋ ಅರೆಸೇನಾ ಪಡೆಯ ನಡುವೆ ಯುದ್ಧ ಶುರುವಾಯ್ತು. ಸರಪಳಿ ಆಗಲೂ ತುಂಡಾಗಲಿಲ್ಲ. ದೊಡ್ಡ ಕಂಪನಿಗಳ ಗೋದಾಮಲ್ಲಿ ತಿಂಗಳುಗಟ್ಟಲೆ ದಾಸ್ತಾನಿತ್ತು. ಲಾರಿಗಳು ಬಂದೂಕುಧಾರಿಗಳಿಗೆ ದುಡ್ಡು ಕೊಟ್ಟು ಹೋದವು. ಇನ್ನಷ್ಟು ಅಂಟು ಗಡಿ ದಾಟಿ ಚಾಡ್‌ನಂಥ ನೆರೆ ದೇಶಗಳ ಸರಕಾಗಿ ಹೊರಬಿತ್ತು. ಪುಡಿಯಾದ ಮೇಲೆ ಅದು ಯಾವ ಮರದ್ದು, ಯಾವ ಚೆಕ್‌ಪೋಸ್ಟ್‌ನಲ್ಲಿ ಯಾರಿಗೆ ಸುಂಕ ಕಟ್ಟಿ ಬಂದಿದ್ದು ಅಂತ ಗುರುತಿಸೋದು ಬಹಳ ಕಷ್ಟ.

ಈ ಯುದ್ಧ ನಮ್ಮನ್ನೂ ಮುಟ್ಟಿತ್ತು. ನೆನಪಿದೆಯಾ? ಗಿಡಮೂಲಿಕೆ, ಎಣ್ಣೆ ಮಾರೋಕೆ ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಡಾರ್ಫರ್‌ನ ಎಲ್ ಫಾಶರ್‌ನಲ್ಲಿ ಸಿಕ್ಕಿಹಾಕ್ಕೊಂಡಿದ್ರು. ಅವರದ್ದೂ ಒಂದು ಪುಟ್ಟ ಪೂರೈಕೆ ಸರಪಳಿ. ಆದರೆ ಅವರಿಗೆ ಗೋದಾಮಿರಲಿಲ್ಲ, ದಾಸ್ತಾನಿರಲಿಲ್ಲ. ಸರಕೂ ಅವರೇ ಹೊರಬೇಕು, ಅಪಾಯವೂ ಅವರದ್ದೇ. 'ಆಪರೇಷನ್ ಕಾವೇರಿ' ಹೆಸರಲ್ಲಿ ಭಾರತ ಸುಡಾನ್‌ನಿಂದ 3,800ಕ್ಕೂ ಹೆಚ್ಚು ಜನರನ್ನ ಕರೆತಂತು. ಅಂಟು ಬಿಡಿಸೋ ರೈತನಿಗೆ ಅಂಥ ವಿಮಾನ ಬರಲಿಲ್ಲ. ಎಲ್ ಫಾಶರ್ ಆಮೇಲೆ ಸುಮಾರು ಒಂದೂವರೆ ವರ್ಷ ಮುತ್ತಿಗೆಯಲ್ಲಿದ್ದು, 2025ರ ಅಕ್ಟೋಬರ್‌ನಲ್ಲಿ ಆರ್‌ಎಸ್‌ಎಫ್ ವಶವಾಯ್ತು.

ಯುದ್ಧದಲ್ಲೂ ಪೂರೈಕೆ ನಿಲ್ಲಲಿಲ್ಲ ಅಂತ ಕೇಳಿದಾಗ ನಾನು ಮೊದಲೆಲ್ಲ ಶಭಾಷ್ ಅಂತಿದ್ದೆ. ಈಗ, ಅದರ ಭಾರ ಯಾರ ಹೆಗಲಿಗೆ ಬಿತ್ತು ಅಂತ ಕೇಳ್ತೀನಿ. ಹಾಗಂತ ಅಂಟನ್ನೇ ಬಹಿಷ್ಕರಿಸಿ ಅಂತ ಹೇಳಲ್ಲ. ಕೊಳ್ಳೋರೇ ಇಲ್ಲದಿದ್ರೆ ರೈತನಿಗೆ ಇರೋ ಅಷ್ಟಿಷ್ಟು ಕಾಸೂ ಹೋಗುತ್ತೆ, ಮರ ಇದ್ದಿಲಾಗುತ್ತೆ. ಹಿಂದೆ ಬೆಲೆ ಬಿದ್ದಾಗ ಹಾಗೇ ಆಗಿದೆ. ಖರೀದಿ ನಡೀಲಿ, ಆದರೆ ಯಾರಿಂದ ಕೊಂಡ್ರಿ, ದಾರಿಯಲ್ಲಿ ಯಾರಿಗೆ ಕೊಟ್ರಿ ಅನ್ನೋ ಲೆಕ್ಕ ಕಂಪನಿಗಳು ಹೊರಗಿಡಲಿ. ವಿನಾಯಿತಿ ಗಿಟ್ಟಿಸೋಕೆ ಶಕ್ತಿ ಇದ್ದವರಿಗೆ ಇದು ಅಸಾಧ್ಯ ಏನಲ್ಲ.

ಸೋಡಾ ಮುಗೀತಾ? ಮುಂದಿನ ವಾರ ಸಿಗೋಣ.