ಬಿಗಿಯೋ ಸಡಿಲವೋ? ಗುಜರಾತಿನ ಮೂರು ಊರು ಹೇಳುವ ಸೈಕಲ್ ಬಟ್ಟೆಯ ಚರಿತ್ರೆ

ಇವತ್ತಿನ ವಿಷಯ ನೋಡೋಕೆ ಚಿಕ್ಕದು. ಅಹಮದಾಬಾದ್, ವಡೋದರಾ, ಸೂರತ್ ಕಡೆ ಕೆಲಸಕ್ಕೆ ಅಂತ ಹೋಗಿರೋ ನಮ್ಮವರು ಅನೇಕರು ಅಲ್ಲಿ ಸೈಕಲ್ ತಗೊಳ್ತಾರೆ. ಊರು ಸಮತಟ್ಟು, ನಮ್ಮ ಮಲ್ಲೇಶ್ವರ, ಬಸವನಗುಡಿ ಥರ ಏರು ಇಳಿತ ಇಲ್ಲ. ಸೈಕಲ್ ಬಂತು, ಹೆಲ್ಮೆಟ್ ಬಂತು. ಆಮೇಲೆ ಒಂದು ಪ್ರಶ್ನೆ: ಮೈಗಂಟೋ ಲೈಕ್ರಾ ಹಾಕ್ಬೇಕಾ, ಅಥವಾ ಇರೋ ಟಿ-ಶರ್ಟು, ಸಡಿಲ ಪ್ಯಾಂಟು ಸಾಕಾ? ಲೈಕ್ರಾ ಹಾಕಿದರೆ ಸೊಸೈಟಿ ಗೇಟಿನಲ್ಲಿ ಎಲ್ಲರೂ ನೋಡ್ತಾರೆ ಅನ್ನೋ ಮುಜುಗರ. ಹಾಕದಿದ್ದರೆ ನಾವು ನಿಜವಾದ ಸೈಕ್ಲಿಸ್ಟ್ ಅಲ್ವೇನೋ ಅನ್ನೋ ಅಳುಕು.

ಈ ಪ್ರಶ್ನೆಗೆ 140 ವರ್ಷದ ಚರಿತ್ರೆ ಇದೆ. ಮಜಾ ಏನಪ್ಪಾ ಅಂದ್ರೆ, ಆ ಚರಿತ್ರೆಯ ಎರಡೂ ಕಡೆಯ ಬಟ್ಟೆ ಇದೇ ಮೂರು ಊರುಗಳ ಬದುಕನ್ನು ಕಟ್ಟಿದೆ, ಕೆಡವಿದೆ ಕೂಡ.

ಮೊದಲು ಸೈಕಲ್‌ನಿಂದ ಶುರು ಮಾಡೋಣ. ಆರಂಭದ ದೊಡ್ಡ ಚಕ್ರದ ಸೈಕಲ್ಲಿಗೆ ಚೈನೇ ಇರಲಿಲ್ಲ, ಪೆಡಲ್ ನೇರ ಮುಂದಿನ ಚಕ್ರಕ್ಕೇ ಇರ್ತಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ತಂದ ರೋವರ್ ಸೈಕಲ್ ನಾವು ಇವತ್ತು ಓಡಿಸೋ ಸೈಕಲ್ಲಿನ ಅಜ್ಜ. ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರ್ ಮಾಡಿದ. ಸೈಕಲ್ ಸುರಕ್ಷಿತವಾಯ್ತು, ಸುಖವಾಯ್ತು. ಆದರೆ ಬಟ್ಟೆಗೆ ಹೊಸ ಶತ್ರು ಹುಟ್ಟಿದ್ದೂ ಆವಾಗಲೇ. ಕಾಲಿನ ಹರಡಿನ ಪಕ್ಕದಲ್ಲೇ ತಿರುಗೋ ಎಣ್ಣೆ ಮೆತ್ತಿದ ಚೈನು!

ಅದಕ್ಕೆ ಜನ ಕಂಡುಕೊಂಡ ಉಪಾಯಗಳು ನಿಮಗೂ ಗೊತ್ತು. ಪೂರ್ತಿ ಮುಚ್ಚಿದ ಚೈನ್ ಕವರ್. ಪ್ಯಾಂಟಿಗೆ ಕ್ಲಿಪ್ಪು, ಇಲ್ಲದಿದ್ದರೆ ರಬ್ಬರ್ ಬ್ಯಾಂಡು, ಅದೂ ಇಲ್ಲದಿದ್ದರೆ ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಲೇಡೀಸ್ ಸೈಕಲ್ಲಿಗೆ ನಡುವಿನ ಬಾರ್ ಇಲ್ಲ, ಹಿಂದಿನ ಚಕ್ರಕ್ಕೆ ಬಲೆ. ಅಂದ್ರೆ ಬಟ್ಟೆ ಬದಲಾಗದೇ ಇದ್ದಾಗ ಸೈಕಲ್ಲೇ ಬದಲಾಯ್ತು.

ಹೆಂಗಸರ ವಿಷಯದಲ್ಲಿ ಮಾತ್ರ ಬಟ್ಟೆ ಬದಲಾಯಿಸೋದು ಅಷ್ಟು ಸಲೀಸಾಗಿರಲಿಲ್ಲ. 1898ರಲ್ಲಿ ಇಂಗ್ಲೆಂಡಿನ ಲೇಡಿ ಹಾರ್ಬರ್ಟನ್ ಅನ್ನೋರು ಉದ್ದ ಲಂಗ ಬಿಟ್ಟು ಚಡ್ಡಿಯಂಥ ಸಡಿಲ ಉಡುಪಿನಲ್ಲಿ ಸೈಕಲ್ ತುಳಿದು ಸರ್ರೆ ಕೌಂಟಿಯ ಒಂದು ಹೋಟೆಲಿಗೆ ಹೋದರು. ಈ ವೇಷದಲ್ಲಿ ಕಾಫಿ ರೂಮಿಗೆ ಬಿಡಲ್ಲ ಅಂದಳು ಹೋಟೆಲಿನ ಒಡತಿ. ಕೇಸ್ ಕೋರ್ಟಿಗೆ ಹೋಯ್ತು, 1899ರಲ್ಲಿ ಒಡತಿಯೇ ಗೆದ್ದಳು. ಗಮನಿಸಿ, ಆ ಉಡುಪು ಬಿಗಿಯಾಗಿರಲಿಲ್ಲ, ಸಡಿಲವೇ. ಎರಡು ಕಾಲು ಬೇರೆ ಬೇರೆಯಾಗಿ ಕಾಣಿಸಿದ್ದೇ ತಪ್ಪಾಗಿತ್ತು. ಹಾಗಾಗಿ ಸೈಕಲ್ ಬಟ್ಟೆಯ ಜಗಳ ಶುರುವಿನಿಂದಲೂ ಬರೀ ಗಾಳಿ ಬೆವರಿನದ್ದಲ್ಲ, ಯಾರು ರಸ್ತೆಗೆ ಹೇಗೆ ಬರಬಹುದು ಅನ್ನೋದರ ಜಗಳ.

ಈಗ ನಮ್ಮ ಕಡೆ ಬನ್ನಿ. ಎರಡು ಕಾಲನ್ನು ಬೇರೆ ಮಾಡೋ ವಿದ್ಯೆ ನಮ್ಮವರಿಗೆ ಹೊಸದಲ್ಲ. ನಮ್ಮ ಅಜ್ಜಂದಿರ ಕಚ್ಚೆ ಪಂಚೆ ನೆನಪಿಸಿಕೊಳ್ಳಿ. ಅಡ್ಡಪಂಚೆಯಲ್ಲಿ ಸೈಕಲ್ ತುಳಿಯೋದು ಕಷ್ಟ, ಎತ್ತಿ ಕಟ್ಟಬೇಕು. ಕಚ್ಚೆಯಲ್ಲಿ ಆ ತಾಪತ್ರಯ ಇಲ್ಲ. ಉತ್ತರ ಕರ್ನಾಟಕದ ಕಚ್ಚೆ ಸೀರೆ, ಮರಾಠರ ಒಂಬತ್ತು ಗಜದ ಸೀರೆ ಎರಡರ ಲೆಕ್ಕವೂ ಇದೇ. ವಡೋದರಾದ ಗಾಯಕವಾಡರು ಮರಾಠರು ತಾನೇ, ಅವರ ಜೊತೆ ಈ ಉಡುಗೆ ಆ ಊರಿಗೂ ಬಂತು. ಅದೇ ಮನೆತನದ ಮಹಾರಾಣಿ ಚಿಮ್ನಾಬಾಯಿ 1911ರಲ್ಲಿ ಭಾರತದ ಹೆಂಗಸರ ಸ್ಥಾನಮಾನದ ಬಗ್ಗೆ ಪುಸ್ತಕ ತಂದರು, 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಅಧ್ಯಕ್ಷೆಯಾದರು. ಅವರ ಗಂಡ ಸಯಾಜಿರಾವ್ 1906ರಲ್ಲೇ ರಾಜ್ಯದಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದ್ದರು, ಹೆಣ್ಣುಮಕ್ಕಳಿಗೂ.

ಗುಜರಾತಿನ ಭರವಾಡ, ರಬಾರಿ ಜನರ ಸಾಂಪ್ರದಾಯಿಕ ಉಡುಪನ್ನು ನೀವು ನವರಾತ್ರಿಯಲ್ಲಾದರೂ ನೋಡಿರ್ತೀರಿ. ಮೇಲೆ ಕೇಡಿಯು, ಎದೆಗೆ ಬಿಗಿ, ಸೊಂಟದಿಂದ ಕೆಳಗೆ ನೆರಿಗೆ. ಕೆಳಗೆ ಚೋರಣೋ, ತೊಡೆಯಲ್ಲಿ ಧಾರಾಳ, ಮೀನಖಂಡದ ಹತ್ತಿರ ಬಿಗಿ. ದಿನವಿಡೀ ದನ ಕುರಿಗಳ ಹಿಂದೆ ನಡೆಯೋರ ಬಟ್ಟೆ ಅದು. ಅಹಮದಾಬಾದಿನಿಂದ ಉತ್ತರಕ್ಕೆ ನೂರು ಚಿಲ್ಲರೆ ಕಿಲೋಮೀಟರ್ ಹೋದರೆ ಇಡರ್ ಅನ್ನೋ ಊರಿದೆ. ಜೋಧಪುರದ ಸರ್ ಪ್ರತಾಪ್ ಸಿಂಗ್ 1902ರಿಂದ 1911ರವರೆಗೆ ಅಲ್ಲಿ ರಾಜರಾಗಿದ್ದರು. 1897ರಲ್ಲಿ ರಾಣಿ ವಿಕ್ಟೋರಿಯಾಳ ವಜ್ರಮಹೋತ್ಸವಕ್ಕೆ ಪೋಲೋ ತಂಡ ಕಟ್ಟಿಕೊಂಡು ಹೋಗಿ, ಜೋಧಪುರಿ ಪ್ಯಾಂಟನ್ನು ಇಂಗ್ಲೆಂಡಿಗೆ ಪರಿಚಯಿಸಿದ ಹೆಸರು ಇವರದ್ದೇ. ಅದೂ ಅಷ್ಟೇ. ತೊಡೆಯಲ್ಲಿ ಅಗಲ, ಮೊಣಕಾಲಿನಿಂದ ಕೆಳಗೆ ಅಂಟಿದಂತೆ ಬಿಗಿ.

ಯಾಕೆ ಎಲ್ಲರೂ ಒಂದೇ ಉತ್ತರಕ್ಕೆ ಬಂದರು? ಕಾರಣ ಬಟ್ಟೆಯಲ್ಲಿದೆ. ಮಗ್ಗದಲ್ಲಿ ನೇಯ್ದ ಹತ್ತಿ ಬಟ್ಟೆ ಹೆಚ್ಚು ಹಿಗ್ಗೋದಿಲ್ಲ. ಮೊಣಕಾಲು ಮಡಚಬೇಕು, ಸೊಂಟ ಬಾಗಬೇಕು ಅಂದ್ರೆ ದರ್ಜಿ ಆ ಜಾಗದಲ್ಲಿ ಬಟ್ಟೆ ಜಾಸ್ತಿ ಬಿಡಲೇಬೇಕು. ಸಡಿಲ ಅನ್ನೋದು ನೇಯ್ದ ಬಟ್ಟೆ ಕೊಟ್ಟ ಉತ್ತರ. ಬಿಗಿ ಅನ್ನೋದು ಹಿಗ್ಗುವ ನೂಲು ಕೊಟ್ಟ ಉತ್ತರ. ಆ ನೂಲು ಬರೋವರೆಗೂ ಕೇಳೋಕೆ ಪ್ರಶ್ನೆಯೇ ಇರಲಿಲ್ಲ.

ಯುರೋಪಿನ ರೇಸ್ ಸವಾರರು ನಡುದಾರಿ ಹಿಡಿದರು, ಹೆಣೆದ ಉಣ್ಣೆ. ಟೂರ್ ಡಿ ಫ್ರಾನ್ಸ್ 1903ರಲ್ಲಿ ಶುರುವಾದಾಗ, 1919ರಲ್ಲಿ ಹಳದಿ ಜೆರ್ಸಿ ಬಂದಾಗ, ಎಲ್ಲಾ ಉಣ್ಣೆಯೇ. ಚಡ್ಡಿಯೊಳಗೆ ಸೀಟಿನ ಉಜ್ಜಾಟ ತಡೆಯೋಕೆ ಮೆತ್ತನೆ ಚರ್ಮದ ತುಂಡು. 1940ರ ದಶಕದ ಕೊನೆಗೆ ಕೃತಕ ನೂಲು ಬೆರೆಸಿದ ಹಳದಿ ಜೆರ್ಸಿ ಕೊಟ್ಟಾಗ ಫ್ರಾನ್ಸಿನ ಲೂಯಿಸಾನ್ ಬೋಬೆ ಹಾಕಲ್ಲ ಅಂದ, ಬೆವರು ಹೀರೋದು ಅಪ್ಪಟ ಉಣ್ಣೆ ಮಾತ್ರ ಅನ್ನೋದು ಅವನ ವಾದ. ಅವನ ಮಾತಿನಲ್ಲಿ ಸತ್ಯ ಇತ್ತು. ಸಾಮಾನ್ಯ ತೇವದ ಗಾಳಿಯಲ್ಲಿ ಉಣ್ಣೆ ತನ್ನ ತೂಕದ ಸುಮಾರು ಶೇ. 16ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತೆ, ಹತ್ತಿ ಸುಮಾರು ಶೇ. 8, ಪಾಲಿಯೆಸ್ಟರ್ ಶೇ. 0.4 ಮಾತ್ರ.

1958ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್, ಎಳೆದರೆ ಹಲವು ಪಟ್ಟು ಹಿಗ್ಗಿ ಮತ್ತೆ ಮೊದಲಿನಂತಾಗೋ ನೂಲು ಕಂಡುಹಿಡಿದ. ಅದೇ ಲೈಕ್ರಾ. ಮೊದಲು ಅದು ಹೋಗಿದ್ದು ಹೆಂಗಸರ ಒಳಉಡುಪಿಗೆ. 1970ರ ದಶಕದಲ್ಲಿ ಇಟಲಿ, ಸ್ವಿಟ್ಜರ್ಲೆಂಡಿನ ತಯಾರಕರು ಅದನ್ನು ಸೈಕಲ್ ಚಡ್ಡಿಗೆ ತಂದರು. ಅಲ್ಲಿಂದ ಮುಂದೆ ಬಿಗಿ ಬಟ್ಟೆಯೇ ಸೈಕಲ್ ಬಟ್ಟೆ ಅಂತಾಯ್ತು.

ಇದೇ ಹೊತ್ತಿಗೆ ಗುಜರಾತಿನಲ್ಲಿ ಏನಾಗ್ತಿತ್ತು ನೋಡಿ. ಅಹಮದಾಬಾದಿನಲ್ಲಿ ರಣಛೋಡಲಾಲ್ ಛೋಟಾಲಾಲ್ ಕಟ್ಟಿದ ಮೊದಲ ಹತ್ತಿ ಮಿಲ್ 1861ರಲ್ಲಿ ಶುರುವಾಯ್ತು. ಊರಿಗೆ ಭಾರತದ ಮ್ಯಾಂಚೆಸ್ಟರ್ ಅನ್ನೋ ಹೆಸರು ಬಂತು. 1918ರ ಗಿರಣಿ ಮುಷ್ಕರದಲ್ಲಿ ಗಾಂಧೀಜಿ ಕಾರ್ಮಿಕರ ಪರ ಉಪವಾಸ ಕೂತದ್ದು ಈ ಊರಲ್ಲೇ. 1947ರಲ್ಲಿ ವಿಕ್ರಮ್ ಸಾರಾಭಾಯಿ ಗಿರಣಿಗಳಿಗಾಗಿ ಅಟಿರಾ ಅನ್ನೋ ಸಂಶೋಧನಾ ಸಂಸ್ಥೆ ಕಟ್ಟಿದರು. ಹತ್ತಿಯೇ ಊರಿನ ಉಸಿರು.

ವಡೋದರಾ ಪಕ್ಕದ ಕೋಯಲಿಯಲ್ಲಿ 1965ರಲ್ಲಿ ತೈಲ ಶುದ್ಧೀಕರಣ ಘಟಕ ಬಂತು. 1969ರಲ್ಲಿ ಸರ್ಕಾರಿ ಪೆಟ್ರೋಕೆಮಿಕಲ್ ಕಂಪನಿ ಐಪಿಸಿಎಲ್ ಹುಟ್ಟಿತು. ಪಾಲಿಯೆಸ್ಟರ್ ನೂಲಿಗೆ ಬೇಕಾದ ಕಚ್ಚಾ ಮಾಲು ಅಲ್ಲಿ ತಯಾರಾಯ್ತು. ಸೂರತ್ತಿನ ಮಗ್ಗಗಳು ಜರಿ, ರೇಷ್ಮೆ ಬಿಟ್ಟು ಕೃತಕ ನೂಲಿನ ಕಡೆ ತಿರುಗಿದವು. 1966ರಲ್ಲಿ ಅಹಮದಾಬಾದಿನ ನರೋಡಾದಲ್ಲೇ ರಿಲಯನ್ಸ್ ಮಿಲ್ ಹಾಕಿತು, ಅಲ್ಲಿಂದ ಬಂದದ್ದು ವಿಮಲ್. ನೆನಪಿದೆಯಾ? ನಮ್ಮ ಅಪ್ಪಂದಿರ ಮದುವೆ ಸಫಾರಿ, ಅಮ್ಮಂದಿರ ಒಗೆದು ಒಣಗಿಸಿದರೆ ಇಸ್ತ್ರಿ ಬೇಡದ ಸೀರೆ! 1985ರ ಜವಳಿ ನೀತಿ ಹತ್ತಿಗೂ ಕೃತಕ ನೂಲಿಗೂ ಇದ್ದ ತಾರತಮ್ಯ ಸಡಿಲಿಸಿತು. ಒಂದು ಕಡೆ ಪವರ್‌ಲೂಮ್‌ಗಳ ಪೈಪೋಟಿ, ಇನ್ನೊಂದು ಕಡೆ ಪಾಲಿಯೆಸ್ಟರ್, ಜೊತೆಗೆ ಹಳೇ ಯಂತ್ರಗಳು. 1980, 90ರ ದಶಕಗಳಲ್ಲಿ ಅಹಮದಾಬಾದಿನ ಗಿರಣಿಗಳು ಒಂದರ ಹಿಂದೆ ಒಂದು ಮುಚ್ಚಿದವು. ಹತ್ತಾರು ಸಾವಿರ ಕುಟುಂಬಗಳ ಅನ್ನ ಹೋಯ್ತು. ಸೂರತ್ ಬೆಳೆಯಿತು. ಹತ್ತಿಯೋ ಕೃತಕವೋ ಅನ್ನೋದು ನಮಗೆ ಆನ್‌ಲೈನ್ ಅಂಗಡಿಯ ಫಿಲ್ಟರ್ ಇರಬಹುದು. ಈ ಊರುಗಳಲ್ಲಿ ಅದು ಮನೆಯ ಒಲೆ ಹೊತ್ತುತ್ತೋ ಆರುತ್ತೋ ಅನ್ನೋ ವಿಷಯವಾಗಿತ್ತು.

ಸರಿ, ಈಗ ಪ್ರಶ್ನೆಗೆ ಉತ್ತರ. ಮೊದಲು ಗಾಳಿಯ ಲೆಕ್ಕ. ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳೋಕೆ ಬೇಕಾದ ಶಕ್ತಿ ಎಂಟು ಪಟ್ಟಾಗುತ್ತೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಪಟಪಟ ಅನ್ನೋ ಶರ್ಟು ನಿಮ್ಮನ್ನು ನಿಜವಾಗಿಯೂ ಹಿಂದಕ್ಕೆಳೆಯುತ್ತೆ. 15 ಕಿ.ಮೀ. ವೇಗದಲ್ಲಿ, ಎಸ್.ಜಿ. ಹೈವೇ ಟ್ರಾಫಿಕ್ಕಿನಲ್ಲಿ ಆಫೀಸಿಗೆ ಹೋಗುವಾಗ, ವ್ಯತ್ಯಾಸ ಗೊತ್ತೂ ಆಗಲ್ಲ. ಅಂದ್ರೆ ಗಾಳಿಯ ಕಾರಣಕ್ಕೆ ಬಿಗಿ ಬಟ್ಟೆ ಬೇಕಾಗಿರೋದು ಜೋರಾಗಿ ಹೋಗೋರಿಗೆ.

ಎರಡನೆಯದು ಉಜ್ಜಾಟ. ಇದು ವೇಗದ ಮಾತಲ್ಲ, ಸಮಯದ ಮಾತು. ಅರ್ಧ ಗಂಟೆ ತುಳಿಯೋರಿಗೆ ಯಾವ ಬಟ್ಟೆಯಾದರೂ ಸರಿ. ಎರಡು ಮೂರು ಗಂಟೆ ಸೀಟಿನ ಮೇಲೆ ಕೂತರೆ ಜೀನ್ಸಿನ ದಪ್ಪ ಹೊಲಿಗೆ ತೊಡೆ ಸಂದಿಯನ್ನು ಕೆಂಪಗೆ ಮಾಡುತ್ತೆ. ಆಗ ಪ್ಯಾಡ್ ಇರೋ ಬಿಗಿ ಚಡ್ಡಿ ಬೇಕು. ಅದರೊಳಗೆ ಬೇರೆ ಒಳಚಡ್ಡಿ ಹಾಕಬಾರದು, ಹಾಕಿದರೆ ಮತ್ತೆ ಅದೇ ಹೊಲಿಗೆ, ಅದೇ ಗಾಯ. ಮುಜುಗರ ಅನ್ನಿಸಿದರೆ ಮೇಲೊಂದು ಸಡಿಲ ಚಡ್ಡಿ ಹಾಕ್ಕೊಳ್ಳಿ, ಯಾರೂ ಬೇಡ ಅನ್ನಲ್ಲ.

ಮೂರನೆಯದು ಬಿಸಿಲು. ಇದರಲ್ಲಿ ಹುಡುಗಾಟ ಬೇಡ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ತಾಪ 46.8 ಡಿಗ್ರಿ ಮುಟ್ಟಿತು. ಆ ತಿಂಗಳು ಮಾಮೂಲಿಗಿಂತ ಸಾವಿರಕ್ಕೂ ಹೆಚ್ಚು ಸಾವು ಸಂಭವಿಸಿದವು. ಅದರ ನಂತರ 2013ರಲ್ಲಿ ನಗರಪಾಲಿಕೆ ದಕ್ಷಿಣ ಏಷ್ಯಾದಲ್ಲೇ ಮೊದಲ ಬಿಸಿಲು ಕಾರ್ಯಯೋಜನೆ ತಂದಿತು. ಬಿಸಿಲಿಗೆ ಹೇಳೋ ಬುದ್ಧಿಮಾತು ಒಂದೇ: ಸಡಿಲ, ತಿಳಿ ಬಣ್ಣ, ಹತ್ತಿ. ಒಣ ಬಿಸಿಲಲ್ಲಿ ಸಡಿಲ ಬಟ್ಟೆ ಮೈಗೂ ಬಟ್ಟೆಗೂ ನಡುವೆ ಗಾಳಿ ಆಡಿಸುತ್ತೆ. ಮರುಭೂಮಿಯ ಬೆಡೂಯಿನ್ ಜನ ಕಪ್ಪು ನಿಲುವಂಗಿ ಯಾಕೆ ಹಾಕ್ತಾರೆ ಅಂತ 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಕಪ್ಪು ಬಟ್ಟೆ ಹೀರಿದ ಹೆಚ್ಚಿನ ಶಾಖ ಚರ್ಮ ಮುಟ್ಟೋ ಮೊದಲೇ ಗಾಳಿಯಲ್ಲಿ ಹೋಗ್ತಿತ್ತು. ನಿಲುವಂಗಿ ಸಡಿಲ ಇದ್ದದ್ದೇ ಅದರ ಗುಟ್ಟು.

ಸೂರತ್ ಹಾಗಲ್ಲ. ಸಮುದ್ರ ಹತ್ತಿರ, ಗಾಳಿಯಲ್ಲೇ ನೀರು, ನಮ್ಮ ಮಂಗಳೂರಿನ ಥರ. ಅಲ್ಲಿ ಬೆವರು ಬೇಗ ಆರೋದಿಲ್ಲ, ಹತ್ತಿ ಶರ್ಟು ಒದ್ದೆಯಾದರೆ ಒದ್ದೆಯಾಗಿಯೇ ಇರುತ್ತೆ. ತೆಳ್ಳಗೆ ಹೆಣೆದ ಪಾಲಿಯೆಸ್ಟರ್ ಅಲ್ಲಿ ವಾಸಿ, ಬೇಗ ಒಣಗುತ್ತೆ. ವಡೋದರಾ ಎರಡರ ಮಧ್ಯೆ. ಬೇಸಿಗೆಯಲ್ಲಿ ಅಹಮದಾಬಾದಿನ ನಿಯಮ, ಮಳೆಗಾಲದಲ್ಲಿ ಸೂರತ್ತಿನ ನಿಯಮ ಅಂದುಕೊಳ್ಳಿ.

ನಾಲ್ಕನೆಯದು ಜೀವದ ಪ್ರಶ್ನೆ. 1927ರಲ್ಲಿ ಫ್ರಾನ್ಸಿನ ನೀಸ್ ಊರಿನಲ್ಲಿ ನರ್ತಕಿ ಇಸಡೋರಾ ಡಂಕನ್ ಸತ್ತದ್ದು ಕುತ್ತಿಗೆಯ ಉದ್ದ ಶಾಲು ಕಾರಿನ ಚಕ್ರಕ್ಕೆ ಸಿಕ್ಕಿ. ನಮ್ಮ ದೇಶದ 1989ರ ಮೋಟಾರು ವಾಹನ ನಿಯಮಗಳು ಬೈಕಿನ ಹಿಂದಿನ ಚಕ್ರವನ್ನು ಅರ್ಧಕ್ಕೆ ಕಮ್ಮಿಯಿಲ್ಲದಂತೆ ಮುಚ್ಚಬೇಕು ಅನ್ನೋದೂ ಬಟ್ಟೆ ಸಿಕ್ಕಿಕೊಳ್ಳಬಾರದು ಅಂತಲೇ. ಗುಜರಾತಿನ ಹುಡುಗಿಯರು ಮುಖ ತಲೆಗೆ ದುಪಟ್ಟಾ ಸುತ್ತಿ ಬಿಗಿಯಾಗಿ ಗಂಟು ಹಾಕೋದು ನೋಡಿದ್ದೀರಲ್ಲ? ಬಿಸಿಲಿಗೂ ಆಯ್ತು, ಚಕ್ರದಿಂದಲೂ ದೂರ ಉಳೀತು. ಇಳಿಬಿಟ್ಟ ದುಪಟ್ಟಾ, ಹಾರಾಡೋ ಸೆರಗು, ಅಗಲ ಪಲಾಝೋ ಸೈಕಲ್ ಮೇಲೆ ಬೇಡವೇ ಬೇಡ.

ಹಾಗಂತ ಸೈಕಲ್ ತುಳಿಯೋಕೆ ಹೆಣ್ಣುಮಕ್ಕಳು ಹೊಸ ವೇಷ ಹಾಕಲೇಬೇಕು ಅಂತಲ್ಲ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕ್ಕೋಟೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರು, ಉಟ್ಟ ಸೀರೆಯಲ್ಲೇ. ಕರ್ನಾಟಕದಲ್ಲಿ 2006ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಾಗ ಯಾರೂ ಲೈಕ್ರಾ ಕೇಳಲಿಲ್ಲ. ಬೇಕಾಗಿದ್ದದ್ದು ಸೈಕಲ್ಲು, ದಾರಿ, ಜೊತೆಗೆ ಹೋಗಬಹುದು ಅನ್ನೋ ಧೈರ್ಯ.

ಒಟ್ಟಿನಲ್ಲಿ ಇಷ್ಟು ನೆನಪಿಟ್ಟುಕೊಳ್ಳಿ. ಹರಡಿನ ಹತ್ತಿರ ಯಾವಾಗಲೂ ಬಿಗಿ. ತೊಡೆಗೆ, ಎದೆಗೆ ಆಡೋಕೆ ಜಾಗ. ದೂರ ಹೋದಷ್ಟೂ ಒಳಗೆ ಬಿಗಿ ಚಡ್ಡಿ, ಬಿಸಿಲೇರಿದಷ್ಟೂ ಮೇಲೆ ಸಡಿಲ ಹತ್ತಿ. ಏಪ್ರಿಲ್, ಮೇನಲ್ಲಿ ಯಾವ ಬಟ್ಟೆಯೂ ಮಧ್ಯಾಹ್ನವನ್ನು ಗೆಲ್ಲಲ್ಲ, ಬೆಳಿಗ್ಗೆ ಎಂಟರೊಳಗೆ ಮನೆ ಸೇರಿ. ಲೈಕ್ರಾ ಕೊಳ್ಳೋಕೆ ಹಣ ಕೂಡಿಸ್ತಾ ಸೈಕಲ್ಲನ್ನು ಬಾಲ್ಕನಿಯಲ್ಲಿ ನಿಲ್ಲಿಸಬೇಡಿ. ಭರವಾಡರ ಚೋರಣೋ, ಅಜ್ಜನ ಕಚ್ಚೆ ಎರಡೂ ನಮಗೆ ಹೇಳೋದು ಅದನ್ನೇ. ಮೈ ಆಡೋಕೆ ಏನು ಬೇಕು ಅಂತ ಮೊದಲು ನೋಡಿ, ಬಟ್ಟೆ ಆಮೇಲೆ ಸಿಗುತ್ತೆ.

ನಿಮ್ಮೂರಿನಲ್ಲಿ ನೀವು ಏನು ಹಾಕ್ಕೊಂಡು ತುಳಿತೀರಿ, ತಿಳಿಸಿ.