ಗಾಳಿಪಾಲಾಗದೆ ಉಳಿದ ಪಿಯಾನೊ

ಸೆರ್ಗೈ ರಾಖ್ಮನಿನಾಫ್‌ಗೆ ರೇಡಿಯೊ ಕಂಡರೆ ಆಗುತ್ತಿರಲಿಲ್ಲ. ತಮ್ಮ ಕಛೇರಿಗಳನ್ನು ಪ್ರಸಾರ ಮಾಡುವುದಕ್ಕೆ ಅವರು ಒಪ್ಪಲಿಲ್ಲ. 1943ರಲ್ಲಿ ತೀರಿಕೊಳ್ಳುವವರೆಗೂ ಆ ಹಠ ಸಡಿಲಲಿಲ್ಲ. ಹೀಗಾಗಿ, ಕಳೆದ ಶತಮಾನದ ಅತಿ ದೊಡ್ಡ ಪಿಯಾನೊ ವಾದಕರಲ್ಲೊಬ್ಬರು ತುಂಬಿದ ಸಭೆಯ ಮುಂದೆ ಹೇಗೆ ನುಡಿಸುತ್ತಿದ್ದರು ಎಂಬುದನ್ನು ಕೇಳಿ ತಿಳಿಯುವ ದಾರಿ ನಮಗೆ ಹೆಚ್ಚುಕಡಿಮೆ ಮುಚ್ಚಿಹೋಗಿದೆ. ಉಳಿದಿರುವುದು ಬಹುಪಾಲು ಗ್ರಾಮಫೋನ್ ಕಂಪನಿಯ ಸ್ಟುಡಿಯೊದಲ್ಲಿ ಎಚ್ಚರದಿಂದ ಮುದ್ರಿಸಿದ್ದು. ಅಪವಾದವೆಂದರೆ 1940ರ ಡಿಸೆಂಬರಿನ ಒಂದು ಖಾಸಗಿ ಮುದ್ರಣ. ತಮ್ಮ ‘ಸಿಂಫೋನಿಕ್ ಡಾನ್ಸಸ್’ ಕೃತಿ ಹೇಗೆ ಸಾಗಬೇಕೆಂದು ಕಂಡಕ್ಟರ್ ಯುಜೀನ್ ಆರ್ಮಂಡಿಗೆ ಅವರು ಪಿಯಾನೊದಲ್ಲಿ ನುಡಿಸಿ ತೋರಿಸುತ್ತಿದ್ದಾಗ ಪಕ್ಕದಲ್ಲೊಂದು ಮುದ್ರಣಯಂತ್ರ ತಿರುಗುತ್ತಿತ್ತು. ಅದನ್ನು ಮಾರ್ಸ್ಟನ್ ರೆಕಾರ್ಡ್ಸ್ ಹೊರತಂದದ್ದು 2018ರಲ್ಲಿ. ಕೇಳಿದವರೆಲ್ಲ ಬೆಚ್ಚಿಬಿದ್ದರು. ಸ್ಟುಡಿಯೊದ ಗಂಭೀರ ರಾಖ್ಮನಿನಾಫ್ ಇಲ್ಲಿ ಹಾಡಿಕೊಳ್ಳುತ್ತ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರುತ್ತ, ಇಡೀ ವಾದ್ಯವೃಂದವನ್ನು ಹತ್ತು ಬೆರಳಲ್ಲಿ ಹಿಡಿದು ನುಡಿಸಿದ್ದರು.

ಸ್ಟುಡಿಯೊದ ಪಿಯಾನೊಗೂ ಕಛೇರಿಯ ಪಿಯಾನೊಗೂ ನಡುವಿನ ಅಂತರ ಅಷ್ಟು ದೊಡ್ಡದು. ಆ ಅಂತರವನ್ನು ನಮಗೆ ತಿಳಿಸಿಕೊಟ್ಟಿದ್ದು ರೇಡಿಯೊ, ಅದೂ ಬೇಕೆಂದು ಮಾಡಿದ ಕೆಲಸವಲ್ಲ. ಒಮ್ಮೆ ಪ್ರಸಾರವಾಗಿ ಗಾಳಿಪಾಲಾಗಬೇಕಿದ್ದ ಕಛೇರಿಗಳು ಯಾರದೋ ಹುಚ್ಚಿನಿಂದ, ಯಾರದೋ ಅಲಕ್ಷ್ಯದಿಂದ, ಕೆಲವೊಮ್ಮೆ ಕಾನೂನನ್ನು ಬದಿಗಿಟ್ಟವರ ಕೈಯಿಂದ ಉಳಿದುಕೊಂಡವು.

ಶುರುವಿಗೆ ಹೋಗೋಣ. ಬಿಬಿಸಿ ಹುಟ್ಟಿದ್ದು 1922ರಲ್ಲಿ. ಲಂಡನ್ನಿನ ಪ್ರಾಮ್ಸ್ ಕಛೇರಿಗಳ ಹೊಣೆ ಹೊತ್ತಿದ್ದು 1927ರಲ್ಲಿ. ಅಮೆರಿಕದಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೊನಿಕ್‌ನ ಭಾನುವಾರದ ಕಛೇರಿಗಳು 1930ರಿಂದ ಸಿಬಿಎಸ್ ರೇಡಿಯೊದಲ್ಲಿ ಬರತೊಡಗಿದವು. ಆದರೆ ಪ್ರಸಾರ ಬೇರೆ, ಮುದ್ರಣ ಬೇರೆ. 78 ಸುತ್ತಿನ ತಟ್ಟೆಯ ಒಂದು ಮುಖಕ್ಕೆ ನಾಲ್ಕೂವರೆ ನಿಮಿಷ ಹಿಡಿದರೆ ಹೆಚ್ಚು. ಖಯಾಲನ್ನು ಮೂರು ನಿಮಿಷಕ್ಕೆ ಕುಗ್ಗಿಸಿ ಹಾಡಿದ ನಮ್ಮ ಹಳೆಯ ಪ್ಲೇಟುಗಳನ್ನು ಕೇಳಿದವರಿಗೆ ಈ ಸಂಕಟ ಗೊತ್ತು. ಬಿಬಿಸಿ ಮೂವತ್ತರ ದಶಕದಲ್ಲಿ ಉಕ್ಕಿನ ಪಟ್ಟಿಯ ಮೇಲೆ ಮುದ್ರಿಸುವ ಯಂತ್ರ ತಂದಿತು. ಮೂರು ಮಿಲಿಮೀಟರ್ ಅಗಲದ ಪಟ್ಟಿ, ಸೆಕೆಂಡಿಗೆ ಒಂದೂವರೆ ಮೀಟರ್ ವೇಗ. ಪಟ್ಟಿ ತುಂಡಾದರೆ ಎದುರಿಗೆ ನಿಂತವರ ಗತಿ ನೀವೇ ಊಹಿಸಿ. ದುಬಾರಿ ವಸ್ತುವಾದ್ದರಿಂದ ಅಳಿಸಿ ಮತ್ತೆ ಬಳಸುವುದೇ ವಾಡಿಕೆಯಾಗಿತ್ತು.

ಕೈಗೆಟುಕುವ ದಾರಿ ತೆರೆದದ್ದು ಮೆರುಗೆಣ್ಣೆ ಲೇಪಿಸಿದ ಅಲ್ಯುಮಿನಿಯಂ ತಟ್ಟೆಗಳಿಂದ. ಇವನ್ನು ಅಸಿಟೇಟ್ ಎನ್ನುವುದು ರೂಢಿ. ಸ್ಥಳದಲ್ಲೇ ಕೊರೆದು ಆಗಲೇ ಕೇಳಬಹುದಿತ್ತು. ನ್ಯೂಯಾರ್ಕಿನಲ್ಲಿ ರೇಡಿಯೊದಿಂದ ನೇರವಾಗಿ ಕಛೇರಿಗಳನ್ನು ಮುದ್ರಿಸಿಕೊಡುವ ಅಂಗಡಿಗಳೇ ಇದ್ದವು. ಕಲಾವಿದರೇ ಹಣ ಕೊಟ್ಟು ತಮ್ಮ ನುಡಿಸಾಣಿಕೆಯ ‘ಏರ್‌ಚೆಕ್’ ಮಾಡಿಸಿಕೊಳ್ಳುತ್ತಿದ್ದರು. ಪಿಯಾನೊ ವಾದಕ ಯೋಸೆಫ್ ಹಾಫ್ಮನ್ ನಮಗೆ ದಕ್ಕಿದ್ದು ಇಂಥ ತಟ್ಟೆಗಳಿಂದಲೇ. ಇಪ್ಪತ್ತರ ದಶಕದ ನಂತರ ಅವರು ಸ್ಟುಡಿಯೊದ ಕಡೆ ತಲೆಹಾಕಿದ್ದು ಅಪರೂಪ. 1937ರ ನವೆಂಬರ್ 28ರಂದು ಮೆಟ್ರೊಪಾಲಿಟನ್ ಒಪೆರಾ ಹೌಸ್‌ನಲ್ಲಿ ನಡೆದ ಸುವರ್ಣ ಮಹೋತ್ಸವದ ಕಛೇರಿ, 1938ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆಯ ಕ್ಯಾಸಿಮಿರ್ ಹಾಲ್‌ನಲ್ಲಿ ನುಡಿಸಿದ ಕಛೇರಿ, ಇವೆರಡೂ ಇಲ್ಲದಿದ್ದರೆ ಹಾಫ್ಮನ್ ಬರೀ ದಂತಕಥೆಯಾಗಿ ಉಳಿಯುತ್ತಿದ್ದರು. ಕ್ಯಾಸಿಮಿರ್ ಹಾಲ್‌ನಲ್ಲಿ ನುಡಿಸಿದ ಶೋಪ್ಯಾನ ನಾಲ್ಕನೆಯ ಬಲಾಡ್ ಕೇಳಿ. ಮೆದುವಾಗಿ ಸಾಗುತ್ತಿರುವ ಸಾಲಿನಡಿಯಿಂದ ಎಡಗೈಯ ಮಂದ್ರಸ್ವರಗಳು ಹಠಾತ್ತನೆ ಸಿಡಿಯುತ್ತವೆ. ಯಾವ ಸ್ಟುಡಿಯೊ ನಿರ್ಮಾಪಕನೂ ಅದನ್ನು ‘ಸರಿ, ಇದೇ ಇರಲಿ’ ಎನ್ನುತ್ತಿರಲಿಲ್ಲ.

ನಿಜವಾದ ಜಿಗಿತ ಆದದ್ದು ಜರ್ಮನಿಯಲ್ಲಿ. ಎಇಜಿ ಕಂಪನಿಯ ಮ್ಯಾಗ್ನೆಟೊಫೋನ್ 1935ರ ಬರ್ಲಿನ್ ರೇಡಿಯೊ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. 1940ರಲ್ಲಿ ರೇಡಿಯೊ ಎಂಜಿನಿಯರ್ ವಾಲ್ಟರ್ ವೆಬರ್ ಅಧಿಕ ಕಂಪನಾಂಕದ ಬಯಾಸ್ ಎಂಬ ಮುದ್ರಣ ತಂತ್ರ ಕಂಡುಕೊಂಡ ಮೇಲೆ ಟೇಪಿನ ಸುಂಯ್‌ಗುಡುವಿಕೆ ಇಳಿದು, ಧ್ವನಿ ತಿಳಿಯಾಯಿತು. ನಾಲ್ಕು ನಿಮಿಷಕ್ಕೊಮ್ಮೆ ನಿಲ್ಲಿಸುವ ಕಾಟವೂ ತಪ್ಪಿತು. 1942ರ ನವೆಂಬರಿನಲ್ಲಿ ಎಡ್ವಿನ್ ಫಿಶರ್ ಬರ್ಲಿನ್ ಫಿಲ್‌ಹಾರ್ಮೊನಿಕ್ ಜೊತೆ, ಫುರ್ಟ್‌ವ್ಯಾಂಗ್ಲರ್ ನಿರ್ದೇಶನದಲ್ಲಿ ನುಡಿಸಿದ ಬ್ರಾಮ್ಸ್‌ನ ಎರಡನೆಯ ಕಾನ್ಚೆರ್ಟೊ ಹೀಗೆ ಉಳಿಯಿತು. ಆ ಕಛೇರಿ ನಡೆದ ಸಭಾಂಗಣ 1944ರ ಜನವರಿಯಲ್ಲಿ ಬಾಂಬಿಗೆ ಬಲಿಯಾಯಿತು. ಅದರ ನಾದ ಈ ಟೇಪುಗಳಲ್ಲಿದೆ. ಯುದ್ಧದ ಕೊನೆಯ ತಿಂಗಳುಗಳಲ್ಲಿ ವಾಲ್ಟರ್ ಗೀಸೆಕಿಂಗ್ ಬರ್ಲಿನ್ ರೇಡಿಯೊಗೆ ನುಡಿಸಿದ ಬೀಥೋವನ್‌ನ ‘ಎಂಪರರ್’ ಕಾನ್ಚೆರ್ಟೊ ಇನ್ನೂ ವಿಚಿತ್ರ. ಜಗತ್ತಿನ ಮೊಟ್ಟಮೊದಲ ಸ್ಟೀರಿಯೊ ಮುದ್ರಣಗಳಲ್ಲಿ ಅದೂ ಒಂದು. ಮೊದಲ ಭಾಗದ ಮೆದು ಜಾಗಗಳಲ್ಲಿ ಕಿವಿಗೊಟ್ಟರೆ ದೂರದಲ್ಲಿ ಧಬ್ ಧಬ್ ಎನ್ನುವ ಸದ್ದು. ಡೋಲಲ್ಲ, ವಿಮಾನಗಳನ್ನು ಹೊಡೆದುರುಳಿಸುವ ತೋಪುಗಳದು. ಗೀಸೆಕಿಂಗ್‌ರ ಲಯ ಎಳ್ಳಷ್ಟೂ ಅಲುಗುವುದಿಲ್ಲ. ಇದನ್ನು ಧೈರ್ಯವೆಂದು ಹೊಗಳುವವರಿದ್ದಾರೆ. ಯಾರ ರೇಡಿಯೊಗೆ ನುಡಿಸುತ್ತಿದ್ದರು ಎಂಬುದನ್ನು ಮರೆತು ನನಗಂತೂ ಹೊಗಳಲಾಗದು. ಯುದ್ಧ ಮುಗಿದ ಮೇಲೆ ಜಾಕ್ ಮಲಿನ್ ಎಂಬ ಅಮೆರಿಕನ್ ಸೈನಿಕ ಎರಡು ಮ್ಯಾಗ್ನೆಟೊಫೋನ್‌ಗಳನ್ನು ಬಿಡಿಬಿಡಿಯಾಗಿ ಊರಿಗೆ ಸಾಗಿಸಿದ. 1948ರ ಹೊತ್ತಿಗೆ ಆಂಪೆಕ್ಸ್ ಯಂತ್ರ ಬಂತು. ಅಲ್ಲಿಂದ ಮುಂದೆ ರೇಡಿಯೊ ಕೇಂದ್ರಗಳು ಒಂದೊಂದಾಗಿ ಟೇಪಿನ ಕಡೆ ಹೊರಳಿದವು.

1950ರ ಸೆಪ್ಟೆಂಬರ್ 16ರಂದು ಫ್ರಾನ್ಸಿನ ಬೆಸಾಂಸೋನ್‌ನಲ್ಲಿ ದಿನು ಲಿಪಾಟ್ಟಿ ನುಡಿಸಿದ ಕೊನೆಯ ಕಛೇರಿಯನ್ನು ಅಲ್ಲಿನ ರೇಡಿಯೊ ಮುದ್ರಿಸಿತು. ರುಮೇನಿಯಾದ ಈ ವಾದಕನಿಗೆ ಆಗ 33 ವರ್ಷ. ದುಗ್ಧಗ್ರಂಥಿಗಳ ಕ್ಯಾನ್ಸರ್ ಕೊನೆಯ ಹಂತ ಮುಟ್ಟಿತ್ತು. ಶೋಪ್ಯಾನ 14 ವಾಲ್ಟ್ಸ್‌ಗಳನ್ನು ನುಡಿಸುವುದೆಂದು ಕಾರ್ಯಕ್ರಮ. ಹದಿಮೂರು ಆದವು. ಹದಿನಾಲ್ಕನೆಯದಕ್ಕೆ ಶಕ್ತಿ ಉಳಿದಿರಲಿಲ್ಲ. ಡಿಸೆಂಬರ್ 2ರಂದು ಅವರು ತೀರಿಕೊಂಡರು. ಈ ಹಿನ್ನೆಲೆ ತಿಳಿಯದೆ ಕೇಳಿದರೂ ಮುದ್ರಣ ದೊಡ್ಡದೇ, ಅದೇ ಅದರ ಹೆಚ್ಚುಗಾರಿಕೆ. ಮೊದಲಿಗೆ ನುಡಿಸಿದ ಬಾಖ್‌ನ ಪಾರ್ಟಿಟಾದಲ್ಲಿ ಕಾಯಿಲೆಯ ಸುಳಿವೇ ಇಲ್ಲ.

ಅದೇ ಲಿಪಾಟ್ಟಿಯ ಹೆಸರಲ್ಲಿ ನಡೆದ ಇನ್ನೊಂದು ಪ್ರಸಂಗ ಈ ಕ್ಷೇತ್ರದ ಎಲ್ಲರೂ ನೆನಪಿಡಬೇಕಾದ್ದು. ಶೋಪ್ಯಾನ ಮೊದಲ ಕಾನ್ಚೆರ್ಟೊದ ನೇರ ಮುದ್ರಣವೊಂದು ಲಿಪಾಟ್ಟಿಯದೆಂದು ದೊಡ್ಡ ಕಂಪನಿಯಿಂದಲೇ ಹೊರಬಂದು, ವರ್ಷಗಟ್ಟಲೆ ಮಾರಾಟವಾಯಿತು. ‘ಇಂಥ ಸ್ಪರ್ಶ ಲಿಪಾಟ್ಟಿಗೆ ಮಾತ್ರ ಸಾಧ್ಯ’ ಎಂಬ ಧಾಟಿಯಲ್ಲಿ ಮೆಚ್ಚುಗೆ ಸುರಿಯಿತು. 1981ರಲ್ಲಿ ಬಿಬಿಸಿ ಅದನ್ನು ಪ್ರಸಾರ ಮಾಡಿದಾಗ ಕೇಳುಗರೊಬ್ಬರಿಗೆ ಅನುಮಾನ ಬಂತು: ಇದು ನಮ್ಮ ಮನೆಯಲ್ಲಿರುವ ಹಳೆಯ ಎಲ್‌ಪಿಯಂತೆಯೇ ಇದೆಯಲ್ಲ! ಪರೀಕ್ಷಿಸಿ ನೋಡಿದರೆ ಅದು ಪೋಲೆಂಡಿನ ಹಲೀನಾ ಚೆರ್ನಿ-ಸ್ಟೆಫಾನ್ಸ್ಕಾ ಪ್ರಾಗ್‌ನಲ್ಲಿ ನುಡಿಸಿದ್ದು. ಆಮೇಲೆ, 1950ರ ಫೆಬ್ರವರಿಯಲ್ಲಿ ಜ್ಯೂರಿಕ್‌ನಲ್ಲಿ ಲಿಪಾಟ್ಟಿ ನುಡಿಸಿದ ಅಸಲಿ ಟೇಪು ಬೆಳಕಿಗೆ ಬಂತು. ಆಕೆಗೆ ತನ್ನ ಹೆಸರಲ್ಲಿ ಸಿಗದ ಹೊಗಳಿಕೆ ಸತ್ತವನ ಹೆಸರಲ್ಲಿ ಸಿಕ್ಕಿತ್ತು. ಹೆಸರು ನೋಡಿ ಕಿವಿ ತೆರೆಯುವ ನಮ್ಮ ಚಾಳಿಗೆ ಇದಕ್ಕಿಂತ ದೊಡ್ಡ ಕಪಾಳಮೋಕ್ಷ ಬೇಕಿಲ್ಲ. ಸ್ಟಾಲಿನ್ ರೇಡಿಯೊದಲ್ಲಿ ಮರೀಯಾ ಯೂದಿನಾ ನುಡಿಸಿದ ಮೊಜಾರ್ಟ್ ಕೇಳಿ ತಟ್ಟೆ ಬೇಕೆಂದನಂತೆ, ಇಲ್ಲದ ತಟ್ಟೆಯನ್ನು ರಾತ್ರೋರಾತ್ರಿ ಮಾಡಿಕೊಟ್ಟರಂತೆ ಎಂಬ ಕತೆಯನ್ನೂ ಇದೇ ಎಚ್ಚರದಿಂದ ಓದಬೇಕು. ಅದರ ಮೂಲ 1979ರಲ್ಲಿ ಬಂದ ಒಂದು ವಿವಾದಿತ ಪುಸ್ತಕ.

ನನ್ನನ್ನು ಕೇಳಿದರೆ, ನೇರ ಮುದ್ರಣವೂ ಸ್ಟುಡಿಯೊದ ಸಮಕ್ಕೆ, ಕೆಲವೊಮ್ಮೆ ಅದಕ್ಕಿಂತ ಮೇಲೆ, ನಿಲ್ಲಬಲ್ಲದೆಂದು ಜಗತ್ತನ್ನು ಒಪ್ಪಿಸಿದ್ದು ಬಲ್ಗೇರಿಯಾದ ರಾಜಧಾನಿ ಸೋಫಿಯಾದ ಒಂದು ಸಂಜೆ. 1958ರ ಫೆಬ್ರವರಿ 25ರಂದು ಸ್ವಿಯತೊಸ್ಲಾವ್ ರಿಖ್ಟರ್ ಅಲ್ಲಿ ಮುಸೋರ್ಗ್‌ಸ್ಕಿಯ ‘ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್’ ನುಡಿಸಿದರು. ಪಶ್ಚಿಮದ ದೇಶಗಳು ಅವರನ್ನು ಇನ್ನೂ ನೋಡಿರಲಿಲ್ಲ; ಅಮೆರಿಕಕ್ಕೆ ಅವರು ಕಾಲಿಟ್ಟದ್ದು 1960ರಲ್ಲಿ. ಅಷ್ಟರಲ್ಲಿ ಫಿಲಿಪ್ಸ್ ಹೊರತಂದ ಈ ತಟ್ಟೆ ಊರೂರು ಸುತ್ತಿತ್ತು. ಚಳಿಗಾಲ, ಬಲ್ಗೇರಿಯಾಕ್ಕೆ ಬಲ್ಗೇರಿಯಾವೇ ನೆಗಡಿಯಲ್ಲಿತ್ತೇನೋ ಎಂಬಷ್ಟು ಕೆಮ್ಮು. ಧ್ವನಿ ಒರಟು, ಅಲ್ಲಲ್ಲಿ ಸ್ವರವೂ ಜಾರುತ್ತದೆ. ಆದರೆ ಎತ್ತಿನಗಾಡಿಯ ಚಿತ್ರ ಬರುವಾಗ ರಿಖ್ಟರ್ ಹೊರಡಿಸುವ ಭಾರ, ಕೊನೆಯ ಕೀವ್ ಮಹಾದ್ವಾರದ ಎದುರು ಅವರು ಕಟ್ಟುವ ವಿಸ್ತಾರ ಇನ್ನೆಲ್ಲೂ ಸಿಗದು. ಅದೇ ಸಂಜೆಯ ಲಿಸ್ಟ್‌ನ ‘ಫ್ಯೂ ಫೊಲೆ’ ಕೇಳಿದ ಎಷ್ಟೋ ವಾದಕರು ಆ ಕೃತಿಯ ತಂಟೆಗೇ ಹೋಗಬಾರದೆಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ಬದಿಯ ಕತೆ ಪಿಯಾನೊ ವಾದಕ ಹೊರೊವಿಟ್ಜ್‌ರದು. ಹನ್ನೆರಡು ವರ್ಷ ವೇದಿಕೆಯಿಂದ ದೂರವಿದ್ದು 1965ರ ಮೇ 9ರಂದು ಕಾರ್ನೆಗಿ ಹಾಲ್‌ಗೆ ಮರಳಿದರು. ಬಾಖ್-ಬುಸೋನಿಯ ಟೊಕಾಟಾದ ಆರಂಭದಲ್ಲೇ ತಪ್ಪು ಸ್ವರ. ಶೂಮನ್‌ನ ಫ್ಯಾಂಟಸಿಯ ಎರಡನೆಯ ಭಾಗದ ಕೊನೆಗೆ ಎರಡೂ ಕೈ ದೂರದೂರ ಜಿಗಿಯುವ ಅಪಾಯದ ಜಾಗವಿದೆ, ಅಲ್ಲಿಯೂ ಮುಗ್ಗರಿಸಿದರು. ಕೊಲಂಬಿಯಾ ಕಂಪನಿಯ ಎಲ್‌ಪಿಯಲ್ಲಿ ಇವನ್ನು ತಿದ್ದಿ, ತೇಪೆ ಹಾಕಲಾಯಿತು. ತಿದ್ದದ ಟೇಪು ಬಿಡುಗಡೆಯಾದದ್ದು 2003ರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ತಿದ್ದಿದ್ದೇ ಬಡವಾಗಿ ಕೇಳುತ್ತದೆ. ಮುಗ್ಗರಿಸಿದ ಮೇಲೆ ಮೂರನೆಯ ಭಾಗವನ್ನು ಅವರು ಹೇಗೆ ಎತ್ತಿಕೊಂಡರು ಎಂಬುದು, ಮುಗ್ಗರಿಸಿದ್ದು ಕೇಳಿದವರಿಗಷ್ಟೇ ಅರ್ಥವಾದೀತು. ‘ಲೈವ್’ ಎಂದು ಮೇಲೆ ಬರೆದಿದ್ದೆಲ್ಲ ಒಂದೇ ಸಂಜೆಯದಲ್ಲ ಎಂಬುದೂ ಇದರಿಂದ ತಿಳಿದಿರಲಿ. ಇಂದಿಗೂ ಎರಡು ಮೂರು ಸಂಜೆಗಳನ್ನು ಕತ್ತರಿಸಿ ಜೋಡಿಸುವುದು ಸಾಮಾನ್ಯ.

ಬಿಬಿಸಿ ತನ್ನ ಥರ್ಡ್ ಪ್ರೋಗ್ರಾಮ್ ಅನ್ನು 1946ರಲ್ಲಿ ಶುರುಮಾಡಿ ಅಪಾರ ಸಂಗೀತ ಪ್ರಸಾರ ಮಾಡಿತು; ಬಹಳಷ್ಟನ್ನು ಇಟ್ಟುಕೊಳ್ಳಲೇ ಇಲ್ಲ. ಉಳಿಸಿದವರು ಮನೆಯಲ್ಲಿ ಕುಳಿತು ಮುದ್ರಿಸಿಕೊಂಡ ಕೇಳುಗರು. ಲಿರಿಟಾ ಕಂಪನಿಯ ಸ್ಥಾಪಕ ರಿಚರ್ಡ್ ಇಟರ್ 1952ರಿಂದ ದಶಕಗಳ ಕಾಲ ತಮ್ಮ ಮನೆಯಲ್ಲೇ ಒಳ್ಳೆಯ ಯಂತ್ರಗಳನ್ನಿಟ್ಟು ರೇಡಿಯೊ ಕಛೇರಿಗಳನ್ನು ಮುದ್ರಿಸಿದರು. ಅವರ ಭಂಡಾರ ಈಗ ಐಸಿಎ ಕ್ಲಾಸಿಕ್ಸ್ ಮೂಲಕ ಸಿಡಿಗಳಾಗಿ ಬಂದಿದೆ. ಬಿಬಿಸಿಯೂ 1998ರಲ್ಲಿ ‘ಬಿಬಿಸಿ ಲೆಜೆಂಡ್ಸ್’ ಮಾಲೆ ಆರಂಭಿಸಿತು. ಇಟಲಿಯಲ್ಲಿ ಪ್ರಸಾರದ ಮುದ್ರಣಗಳಿಗೆ ಹಕ್ಕು ಇಪ್ಪತ್ತೇ ವರ್ಷವಿದ್ದ ಕಾಲದಲ್ಲಿ ಅಲ್ಲಿಂದ ಬಂದ ಸಿಡಿಗಳಿಗೆ ಲೆಕ್ಕವಿಲ್ಲ: ತಾರೀಖು ತಪ್ಪು, ಊರು ತಪ್ಪು, ಕೆಲವೊಮ್ಮೆ ವಾದಕನೇ ತಪ್ಪು. ಆದರೂ ಮಿಕೆಲಾಂಜೆಲಿಯಂಥವರನ್ನು ಬಹುಮಂದಿ ಕೇಳಿದ್ದು ಅವುಗಳಲ್ಲೇ.

ಮೈಸೂರಿಗೂ ಇಲ್ಲಿ ಪಾಲಿದೆ. ಜಯಚಾಮರಾಜ ಒಡೆಯರು ಸ್ವತಃ ಪಿಯಾನೊ ಕಲಿತವರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಮುದ್ರಿಸಲು ಹಣ ಒದಗಿಸಿದವರು ಅವರೇ. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೆ ಅರ್ಪಿಸಿದರು. ಅವು ಸ್ಟುಡಿಯೊ ಮುದ್ರಣಗಳು, ನಿಜ. ಆದರೆ 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ‘ಫೋರ್ ಲಾಸ್ಟ್ ಸಾಂಗ್ಸ್’ ಮೊದಲ ಬಾರಿಗೆ ಹಾಡಿದಾಗ ಅದು ತಟ್ಟೆಯ ಮೇಲೆ ಉಳಿದದ್ದೂ ಮಹಾರಾಜರ ದೆಸೆಯಿಂದ. ತಾವು ಹೋಗಲಾಗದ ಕಛೇರಿಯನ್ನು ತಮ್ಮ ಸಂಗ್ರಹಕ್ಕಾಗಿ ಮುದ್ರಿಸಬೇಕೆಂದು ಅವರು ಹಣದ ಖಾತರಿ ಕೊಟ್ಟಿದ್ದರು. ಧ್ವನಿ ತೀರ ಕೆಟ್ಟದಾಗಿದೆ, ಆದರೆ ಆ ಸಂಜೆಯದು ಸಿಗುವುದು ಅಷ್ಟೇ.

ಹೊಸದಾಗಿ ಕೇಳುವವರಿಗೆ ಎರಡು ಸೂಕ್ಷ್ಮ ತಿಳಿದಿದ್ದರೆ ಒಳ್ಳೆಯದು. ಒಂದು, ಶ್ರುತಿ. ಹಾಡುಗಾರರ ಸ್ವರ ತಾನಾಗಿಯೇ ಕಂಪಿಸುತ್ತದೆ, ಪಿಟೀಲಿನದೂ ಹಾಗೆ. ಪಿಯಾನೊದ ಸ್ವರ ಒಮ್ಮೆ ತಟ್ಟಿದ ಮೇಲೆ ಕದಲದು. ಹಾಗಾಗಿ ಟೇಪಿನ ವೇಗ ಕೂದಲೆಳೆಯಷ್ಟು ಏರಿಳಿದರೂ ಪಿಯಾನೊದಲ್ಲಿ ಕೂಡಲೇ ಗೊತ್ತಾಗುತ್ತದೆ. ವಾರ್ಡ್ ಮಾರ್ಸ್ಟನ್, ಮಾರ್ಕ್ ಓಬರ್ಟ್-ಥಾರ್ನ್‌ರಂಥ ಪುನರುದ್ಧಾರಕರು ಬೆವರು ಸುರಿಸುವುದು ಇದಕ್ಕೇ. ಮಾರ್ಸ್ಟನ್ ಅಂಧರು, ಅವರ ಕಿವಿಯ ಮೇಲೆ ಈ ಕ್ಷೇತ್ರದ ಅರ್ಧ ಮರ್ಯಾದೆ ನಿಂತಿದೆ. ಎರಡು, ಗಟ್ಟಿ-ಮೆದುವಿನ ಅಂತರ. ಪ್ರಸಾರಯಂತ್ರ ತಡೆದುಕೊಳ್ಳಲಿ ಎಂದು ರೇಡಿಯೊ ಎಂಜಿನಿಯರ್‌ಗಳು ಜೋರು ಜಾಗಗಳಲ್ಲಿ ಗುಂಡಿ ತಗ್ಗಿಸಿ, ಮೆದು ಜಾಗಗಳಲ್ಲಿ ಏರಿಸುತ್ತಿದ್ದರು. ವಾದಕ ಕಟ್ಟಿದ ಏರು ಎಲ್ಲೋ ಸೊರಗಿದಂತೆ ಕೇಳಿದರೆ ಬೈಯುವ ಮುನ್ನ ಎಂಜಿನಿಯರನ ಬೆರಳನ್ನೂ ಅನುಮಾನಿಸಿ.

ಈಗ ಕೊರತೆಯ ಕಾಲ ಮುಗಿದಿದೆ. ವಾರ್ಸಾದ ಶೋಪ್ಯಾನ್ ಸ್ಪರ್ಧೆಯನ್ನು ಮೊದಲ ಸುತ್ತಿನಿಂದ ಮೊಬೈಲಿನಲ್ಲೇ ನೋಡಬಹುದು. 2020ರ ಜೂನ್ 1ರಂದು ಕೊರೊನಾದ ನಡುವೆ ಲಂಡನ್ನಿನ ವಿಗ್ಮೋರ್ ಹಾಲ್‌ನಲ್ಲಿ ಸ್ಟೀಫನ್ ಹಫ್ ಖಾಲಿ ಕುರ್ಚಿಗಳಿಗೆ ನುಡಿಸಿದ್ದನ್ನು ಬಿಬಿಸಿ ರೇಡಿಯೊ 3 ನೇರವಾಗಿ ಪ್ರಸಾರ ಮಾಡಿತು. ಅಂದೂ ಶೂಮನ್‌ನ ಫ್ಯಾಂಟಸಿಯೇ ಇತ್ತು. ಮುಗಿದಾಗ ಚಪ್ಪಾಳೆ ಇಲ್ಲ. ಎಲ್ಲವೂ ಮುದ್ರಣವಾಗುತ್ತದೆಂದು ಗೊತ್ತಿರುವ ಇಂದಿನ ಯುವ ವಾದಕರು ತಪ್ಪಿಗೆ ಹೆದರಿ ಅಳೆದು ನುಡಿಸುತ್ತಾರೆ ಎಂಬ ದೂರಿನಲ್ಲಿ ಹುರುಳಿದೆ. ಯಾರೂ ಇಟ್ಟುಕೊಳ್ಳುವುದಿಲ್ಲ ಎಂಬ ನಂಬಿಕೆ ಹಳಬರಿಗೆ ಒಂದು ಬಗೆಯ ಸ್ವಾತಂತ್ರ್ಯ ಕೊಟ್ಟಿತ್ತು. ಮಾರ್ತಾ ಆರ್ಗೆರಿಚ್ 1982ರಲ್ಲಿ ಬರ್ಲಿನ್‌ನಲ್ಲಿ ನುಡಿಸಿದ ರಾಖ್ಮನಿನಾಫ್‌ನ ಮೂರನೆಯ ಕಾನ್ಚೆರ್ಟೊ ತಟ್ಟೆಯಾಗಿ ಬಂದದ್ದು 1995ರಲ್ಲಿ. ಆ ಬೆಂಕಿ ಅಳೆದು ನುಡಿಸಿದ್ದಲ್ಲ.

ಕೇಳಲು ಶುರುಮಾಡುವವರು ರಿಖ್ಟರ್‌ರ ಸೋಫಿಯಾದಿಂದ ಶುರುಮಾಡಿ, ಲಿಪಾಟ್ಟಿಯ ಬೆಸಾಂಸೋನ್‌ಗೆ ಬನ್ನಿ, ಆಮೇಲೆ ತಿದ್ದದ ಹೊರೊವಿಟ್ಜ್. ಜೊತೆಗೊಂದು ಕೋರಿಕೆ. ನಮ್ಮಲ್ಲೂ ಆಕಾಶವಾಣಿಯ ಕಛೇರಿಗಳನ್ನು ಮನೆಯಲ್ಲಿ ಮುದ್ರಿಸಿಕೊಂಡ ಹಿರಿಯರಿದ್ದರು. ಅಟ್ಟದ ಮೇಲೆ ಅಂಥ ಸ್ಪೂಲು, ಕ್ಯಾಸೆಟ್ ಇದ್ದರೆ ಗುಜರಿಗೆ ಹಾಕಬೇಡಿ, ಹಳೆಯ ಯಂತ್ರಕ್ಕೆ ಹಾಕಿ ತಿರುಗಿಸಲೂ ಹೋಗಬೇಡಿ. ಅಂಟಿಕೊಂಡ ಟೇಪು ಒಂದೇ ಸುತ್ತಿಗೆ ಹಾಳಾಗುತ್ತದೆ. ಡಬ್ಬಿಯ ಮೇಲಿನ ಬರಹದ ಫೋಟೊ ತೆಗೆದು, ತಂಪಾದ ಒಣ ಜಾಗದಲ್ಲಿಟ್ಟು, ಡಿಜಿಟಲ್‌ಗೆ ಇಳಿಸುವ ಕೆಲಸ ಗೊತ್ತಿದ್ದವರ ಕೈಗೆ ಕೊಡಿ.